ಆಕಾಶವಾಣಿ, ವಾನೊಲಿ, ಬಾನುಲಿ: ಒಂದು ಹೆಸರಿನ ಪೂರ್ವೋತ್ತರ

ತಂತಿಯ ನೆರವಿಲ್ಲದೆ ದೂರದ ಧ್ವನಿಯನ್ನು ಮನೆಯೊಳಕ್ಕೆ ತರುವ ಯಂತ್ರವೊಂದು ಕಳೆದ ಶತಮಾನದ ಮೂರನೆಯ ದಶಕದಲ್ಲಿ ನಮ್ಮ ದೇಶಕ್ಕೆ ಬಂದಾಗ, ಭಾರತದ ಭಾಷೆಗಳು ಅದಕ್ಕೆ ತಮ್ಮ ತಮ್ಮ ಮನೋಧರ್ಮಕ್ಕೆ ಒಪ್ಪುವ ಹೆಸರುಗಳನ್ನು ಹುಡುಕಿಕೊಂಡುವು. ಬಂಗಾಳಿಗಳು ಅದರಲ್ಲಿ ಇಲ್ಲದ ವಸ್ತುವನ್ನು ಕಂಡು ‘ಬೇತಾರ್’, ಎಂದರೆ ತಂತಿಯಿಲ್ಲದ್ದು, ಎಂದರು. ಮರಾಠಿಯಲ್ಲಿ ‘ನಭೋವಾಣಿ’ ಎಂಬ ಮಾತು ಹುಟ್ಟಿತು. ತಮಿಳರು ‘ವಾನೊಲಿ’ ಎಂದರು. ಕನ್ನಡಿಗರಾದರೋ ‘ಆಕಾಶವಾಣಿ’ ಎಂದರು. ‘ಬಾನುಲಿ’ ಎಂದೂ ಅಂದರು. ಇವುಗಳಲ್ಲಿ ಒಂದು ಹೆಸರು ಮೈಸೂರಿನ ಒಂದು ಮನೆಯಿಂದ ಹೊರಟು ಇಡೀ ದೇಶದ ಪ್ರಸಾರಸಂಸ್ಥೆಯ ಹೆಸರಾಯಿತು. ನಾವು ಬಾಳುತ್ತಿರುವ ಈ ನಗರದಲ್ಲಿ ಅದೇ ಹೆಸರು ವಿವಾದಕ್ಕೂ ಗುರಿಯಾಯಿತು. ಮದರಾಸಿನ ಕನ್ನಡಿಗನು ಈ ಎರಡು ಸಂಗತಿಗಳ ನಡುವೆ ನಿಂತಿರುವವನು. ಒಂದು ಕಡೆ ಅಭಿಮಾನ, ಇನ್ನೊಂದು ಕಡೆ ನೆರೆಯವರ ಅಸಮಾಧಾನ. ಆದಕಾರಣ ಈ ಹೆಸರಿನ ಚರಿತ್ರೆಯನ್ನು ಸ್ವಲ್ಪ ವಿವರವಾಗಿ ಪರಿಶೀಲಿಸುವುದು ಅಪ್ರಕೃತವಾಗಲಾರದು.

ಶಬ್ದವು ಹೊಸದಲ್ಲ. ದೇವಕೀವಸುದೇವರ ರಥವನ್ನು ನಡೆಸುತ್ತಿದ್ದ ಕಂಸನಿಗೆ ಅವನ ಮರಣವಾರ್ತೆಯನ್ನು ಮುನ್ನವೇ ತಿಳಿಸಿದ್ದು ಇಂಥದೊಂದು ವಾಣಿ. ಮಹಾಭಾರತದ ಆದಿಪರ್ವದಲ್ಲಿ ಶಕುಂತಲೆಯ ಮಗನನ್ನು ಸ್ವೀಕರಿಸೆಂದು ದುಷ್ಯಂತನಿಗೆ ಹೇಳಿದ್ದೂ ಇಂಥದೇ. ಅಶರೀರವಾಣಿ ಎಂಬುದು ಇದರ ಇನ್ನೊಂದು ಹೆಸರು. ಈ ವಾಣಿಗೆ ಎರಡು ಲಕ್ಷಣಗಳುಂಟು. ನುಡಿಯುವವನು ಕಣ್ಣಿಗೆ ಬೀಳನು; ಕೇಳಿದವನು ಮರುಪ್ರಶ್ನೆ ಹಾಕಲಾರನು. ರೇಡಿಯೋ ಕೇಳುಗನ ಸ್ಥಿತಿಯೂ ಬಹುಕಾಲ ಇದೇ ಆಗಿತ್ತು. ಪುರಾಣದ ಮಾತು ಹೊಸ ಯಂತ್ರಕ್ಕೆ ಇಷ್ಟು ಸಲೀಸಾಗಿ ಹೊಂದಿಕೊಂಡುದಕ್ಕೆ ಇದೇ ಕಾರಣವಿರಬೇಕು.

ಇನ್ನು ಮದರಾಸಿನ ಕಡೆ ತಿರುಗೋಣ. ಭಾರತದ ಪ್ರಸಾರಚರಿತ್ರೆಯಲ್ಲಿ ಈ ನಗರದ ಸ್ಥಾನ ಬಹು ದೊಡ್ಡದು. ಸಿ. ವಿ. ಕೃಷ್ಣಸ್ವಾಮಿ ಚೆಟ್ಟಿಯವರ ಪ್ರಯತ್ನದಿಂದ 1924ನೆಯ ಇಸವಿಯ ಮೇ ತಿಂಗಳಲ್ಲಿ ಮದರಾಸು ಪ್ರೆಸಿಡೆನ್ಸಿ ರೇಡಿಯೋ ಕ್ಲಬ್ಬು ಸ್ಥಾಪಿತವಾಗಿ, ಆ ವರ್ಷದ ಜುಲೈ 31ರಂದು ಪ್ರಸಾರವನ್ನು ಆರಂಭಿಸಿತು. ಅದರ ಮೊದಲ ಪ್ರೇಷಕಯಂತ್ರದ ಶಕ್ತಿ ಕೇವಲ 40 ವ್ಯಾಟ್. ಹಿಂದಿನ ಮನೆಗಳ ಒಂದು ಸಾಧಾರಣ ಬಲ್ಬಿನಷ್ಟು. ಮುಂಬಯಿ, ಕಲಕತ್ತೆಗಳಲ್ಲಿ ಇಂಡಿಯನ್ ಬ್ರಾಡ್‌ಕಾಸ್ಟಿಂಗ್ ಕಂಪೆನಿಯು ತನ್ನ ನಿಲಯಗಳನ್ನು ತೆರೆದದ್ದು ಇದಕ್ಕೆ ಮೂರು ವರ್ಷಗಳ ನಂತರ, 1927ರಲ್ಲಿ.

ಕ್ಲಬ್ಬಿಗೂ ಕಂಪೆನಿಗೂ ಒಂದೇ ಕಷ್ಟ ಅಡ್ಡ ಬಂದಿತು. ಸಂಗೀತ ಕಚೇರಿಗೆ ಬಾಗಿಲುಂಟು, ಬಾಗಿಲಲ್ಲಿ ಟಿಕೆಟ್ಟು ಕೇಳಬಹುದು. ಗಾಳಿಯಲ್ಲಿ ಬಿಟ್ಟ ಹಾಡಿಗೆ ಬಾಗಿಲೆಲ್ಲಿ? ಕ್ಲಬ್ಬು ಸದಸ್ಯರ ವಂತಿಗೆಯನ್ನು ನೆಚ್ಚಿತ್ತು. ಕಂಪೆನಿಯು ಸರಕಾರ ಪ್ರತಿ ರೇಡಿಯೋ ಪೆಟ್ಟಿಗೆಗೆ ವಿಧಿಸುತ್ತಿದ್ದ ವಾರ್ಷಿಕ 10 ರೂಪಾಯಿ ಪರವಾನಗಿ ಹಣದ ಪಾಲನ್ನು ನೆಚ್ಚಿತ್ತು. ಪೆಟ್ಟಿಗೆಯ ಬೆಲೆ ದುಬಾರಿ, ಪರವಾನಗಿ ಪಡೆದವರು ಕೆಲವೇ ಸಾವಿರ. ಪಡೆಯದೆ ಕೇಳುವವರನ್ನು ಹಿಡಿಯುವ ಉಪಾಯವೂ ಸುಲಭವಾಗಿರಲಿಲ್ಲ. ಮದರಾಸಿನ ಕ್ಲಬ್ಬು 1927ರಲ್ಲಿಯೇ ಹಣವಿಲ್ಲದೆ ನಿಂತಿತು. ಕಂಪೆನಿಯು 1930ರಲ್ಲಿ ಮುಚ್ಚಿತು.

ಆದರೆ ಕ್ಲಬ್ಬಿನವರು ತಮ್ಮ ಯಂತ್ರವನ್ನು ಮದರಾಸು ಕಾರ್ಪೊರೇಷನ್ನಿಗೆ ಕೊಟ್ಟುಹೋಗಿದ್ದರು. 1930ರ ಏಪ್ರಿಲ್ 1ರಂದು ಕಾರ್ಪೊರೇಷನ್ನು ತನ್ನದೇ ಪ್ರಸಾರವನ್ನು ಆರಂಭಿಸಿತು. ಭಾರತ ಸರಕಾರವು ಮುಚ್ಚಿದ ಕಂಪೆನಿಯ ನಿಲಯಗಳನ್ನು ಕೈಗೆ ತೆಗೆದುಕೊಂಡದ್ದೂ ಅದೇ ದಿನ. ಕಾರ್ಪೊರೇಷನ್ನು ಸಂಜೆಯ ಹೊತ್ತು ಸಂಗೀತವನ್ನೂ, ತನ್ನ ಶಾಲೆಗಳ ಮಕ್ಕಳಿಗೆ ಪಾಠವನ್ನೂ ಪ್ರಸಾರ ಮಾಡಿತು. ಮೆರೀನಾ ಕಡಲ ತೀರ, ರಾಬಿನ್‌ಸನ್ ಪಾರ್ಕು ಮೊದಲಾದೆಡೆಗಳಲ್ಲಿ ಧ್ವನಿವರ್ಧಕಗಳನ್ನು ನಿಲ್ಲಿಸಿತು. ಪೆಟ್ಟಿಗೆ ಕೊಳ್ಳಲಾರದವನೂ ಗಾಳಿ ಸೇವಿಸುತ್ತ ಗಾನ ಕೇಳಬಹುದಾಯಿತು. ಬೀದಿಯ ದೀಪ, ಕೊಳಾಯಿಯ ನೀರು ಇವುಗಳಂತೆ ಪ್ರಸಾರವೂ ಒಂದು ಪೌರಸೌಕರ್ಯವೆಂದು ಒಂದು ನಗರಸಭೆ ಬಗೆದದ್ದು ಇಲ್ಲಿಯ ವಿಶೇಷ. 1938ರ ಜೂನ್ 16ರಂದು ಆಲ್ ಇಂಡಿಯಾ ರೇಡಿಯೋದ ಮದರಾಸು ನಿಲಯವು ಆರಂಭವಾಗಲು ಈ ಸೇವೆ ಕೊನೆಗೊಂಡಿತು. ದಕ್ಷಿಣ ಕನ್ನಡ, ಬಳ್ಳಾರಿ, ಕೊಳ್ಳೇಗಾಲಗಳು ಅಂದು ಮದರಾಸು ಪ್ರಾಂತಕ್ಕೆ ಸೇರಿದ್ದುವು. ಹೊಸ ನಿಲಯದಿಂದ ತಮಿಳು ತೆಲುಗುಗಳ ಜೊತೆಗೆ ಕನ್ನಡವೂ ಅಷ್ಟಿಷ್ಟು ಕೇಳಿಬರುತ್ತಿತ್ತು.

ಈ ನಡುವೆ ಮೈಸೂರಿನಲ್ಲಿ ಬೇರೊಂದು ಬಗೆಯ ಪ್ರಯೋಗ ನಡೆದಿತ್ತು. ಮಹಾರಾಜಾ ಕಾಲೇಜಿನಲ್ಲಿ ಮನಶ್ಶಾಸ್ತ್ರದ ಪ್ರಾಧ್ಯಾಪಕರಾಗಿದ್ದ ಎಂ. ವಿ. ಗೋಪಾಲಸ್ವಾಮಿಯವರು 1935ರ ಸೆಪ್ಟೆಂಬರ್ 10ರಂದು ಒಂಟಿಕೊಪ್ಪಲಿನ ತಮ್ಮ ಮನೆಯಿಂದಲೇ ಪ್ರಸಾರವನ್ನು ಆರಂಭಿಸಿದರು. ಮೊದಲು 30 ವ್ಯಾಟಿನ ಯಂತ್ರ, ಅನಂತರ 250 ವ್ಯಾಟಿನದು. ಈ ನಿಲಯಕ್ಕೆ ಇಟ್ಟ ಹೆಸರೇ ‘ಆಕಾಶವಾಣಿ’. ಹೆಸರನ್ನು ಸೂಚಿಸಿದವರು ಅವರ ಸಹೋದ್ಯೋಗಿಗಳೂ ಹಾಸ್ಯಲೇಖಕರೂ ಆದ ನಾ. ಕಸ್ತೂರಿಯವರೆಂಬುದು ರೂಢಿಯಲ್ಲಿರುವ ಮಾತು. ಕಸ್ತೂರಿಯವರು ಹುಟ್ಟಿದ್ದು ಕೊಚ್ಚಿ ಸೀಮೆಯ ತ್ರಿಪ್ಪೂಣಿತ್ತುರದಲ್ಲಿ, 1897ರಲ್ಲಿ. ಅವರ ತಾಯ್ನುಡಿ ಮಲಯಾಳಂ. ಹೊರಗಿನಿಂದ ಬಂದು ಕನ್ನಡವನ್ನು ಕಲಿತು ಕನ್ನಡಿಗರನ್ನೇ ನಗಿಸಿದ ಒಬ್ಬರ ಹೆಸರಿನೊಡನೆ ಈ ಶಬ್ದದ ಹೊಸ ಜನ್ಮ ಸೇರಿಕೊಂಡಿರುವುದು, ಪರಭಾಷೆಯ ನಾಡಿನಲ್ಲಿ ನೆಲೆಸಿರುವ ನಮಗೆ ವಿಶೇಷವಾಗಿ ಮನನೀಯವಾದ ಸಂಗತಿ. ಈ ಹೆಸರನ್ನು ಕವಿ ರವೀಂದ್ರನಾಥ ಠಾಕೂರರು ಕೊಟ್ಟರೆಂಬ ಪ್ರತೀತಿಯೂ ಉಂಟು. ಕಲಕತ್ತೆಯ ಪ್ರಸಾರಕ್ಕಾಗಿ ಅವರು ಈ ಶಬ್ದವನ್ನು ಶೀರ್ಷಿಕೆಯಾಗಿಟ್ಟು ಕವಿತೆ ಬರೆದದ್ದು 1938ರಲ್ಲಿ. ಮೈಸೂರಿನ ಬಳಕೆ ಅದಕ್ಕಿಂತ ಮೂರು ವರ್ಷ ಹಿಂದಿನದು.

ಇತ್ತ ಸರಕಾರದ ಸಂಸ್ಥೆಗೆ ಹೆಸರು ಬಂದ ಬಗೆಯೂ ಸ್ವಾರಸ್ಯವಾಗಿದೆ. ‘ಇಂಡಿಯನ್ ಸ್ಟೇಟ್ ಬ್ರಾಡ್‌ಕಾಸ್ಟಿಂಗ್ ಸರ್ವಿಸ್’ ಎಂಬ ಉದ್ದನೆಯ ಹೆಸರು ಅದರ ಮುಖ್ಯಾಧಿಕಾರಿ ಲಯನೆಲ್ ಫೀಲ್ಡನರಿಗೆ ಸೇರಲಿಲ್ಲ. ತಾವೇ ಬದಲಾಯಿಸಲು ಹೋದರೆ ಕಡತಗಳು ಅಡ್ಡಬರುವುವೆಂದು ತಿಳಿದು, ಅವರು ವೈಸರಾಯ್ ಲಿನ್‌ಲಿತ್‌ಗೋರನ್ನು ಮಾತಿಗೆಳೆದು, ‘ಆಲ್ ಇಂಡಿಯಾ ರೇಡಿಯೋ’ ಎಂಬುದು ವೈಸರಾಯರಿಗೇ ಹೊಳೆದ ಹೆಸರೆಂಬಂತೆ ಮಾಡಿದರು. ಹಾಗೆಂದು ಫೀಲ್ಡನರೇ ತಮ್ಮ ಆತ್ಮಕಥೆಯಲ್ಲಿ ಹೇಳಿಕೊಂಡಿದ್ದಾರೆ. 1936ರ ಜೂನ್ 8ರಿಂದ ಆ ಹೆಸರು ಜಾರಿಗೆ ಬಂದಿತು. ಅದರ ಮೂರು ಮೊದಲಕ್ಷರಗಳನ್ನು ಕೂಡಿಸಿ ಓದಿದರೆ ಇಂಗ್ಲಿಷಿನಲ್ಲಿ ಗಾಳಿ ಎಂಬ ಅರ್ಥವೂ ಬರುವುದು.

ಹೀಗೆ ಒಂದು ಹೆಸರು ವೈಸರಾಯರ ಬಾಯಿಂದ, ಇನ್ನೊಂದು ಹೆಸರು ಪ್ರಾಧ್ಯಾಪಕರ ಮನೆಯಿಂದ ಹೊರಟುವು. ಮೈಸೂರಿನ ನಿಲಯವನ್ನು ಗೋಪಾಲಸ್ವಾಮಿಯವರು ಸುಮಾರು ಆರು ವರ್ಷ ನಡೆಸಿದ ಮೇಲೆ ಸಂಸ್ಥಾನವು ವಹಿಸಿಕೊಂಡಿತು. 1950ರ ಏಪ್ರಿಲ್ 1ರಂದು ಅದು ಕೇಂದ್ರಕ್ಕೆ ಸೇರಿತು. 1955ರ ನವೆಂಬರಿನಲ್ಲಿ ಪ್ರಸಾರವು ಬೆಂಗಳೂರಿಗೆ ವರ್ಗವಾಯಿತು. ನಿಲಯವು ಊರು ಬಿಟ್ಟರೂ ಹೆಸರು ಬೆಳೆಯಿತು. ಬಿ. ವಿ. ಕೇಸ್ಕರರು ಕೇಂದ್ರದ ವಾರ್ತಾ ಮತ್ತು ಪ್ರಸಾರ ಮಂತ್ರಿಗಳಾಗಿದ್ದ ಕಾಲದಲ್ಲಿ, 1957ರ ವೇಳೆಗೆ, ‘ಆಕಾಶವಾಣಿ’ ಎಂಬುದು ಅಖಿಲ ಭಾರತ ಸಂಸ್ಥೆಯ ಭಾರತೀಯ ಹೆಸರಾಯಿತು. ತೆಲುಗರೂ ಮಲಯಾಳಿಗಳೂ ಅದನ್ನು ತಮ್ಮದನ್ನಾಗಿ ಮಾಡಿಕೊಂಡರು. ತಮಿಳರು ಮಾಡಿಕೊಳ್ಳಲಿಲ್ಲ.

ಏಕೆ? ಶಬ್ದಗಳು ತಮಿಳರಿಗೆ ಅಪರಿಚಿತವೆಂದು ಹೇಳುವಂತಿಲ್ಲ. ‘ಆಕಾಯಂ’ ಹಳೆಯ ತಮಿಳಿನಲ್ಲೇ ಉಂಟು. ‘ಅಶರೀರಿ’ ಎಂಬ ಮಾತು ಅವರ ನಾಟಕಗಳಲ್ಲಿ ಸರ್ವೇಸಾಮಾನ್ಯ. ಕಾರಣವನ್ನು ಕಾಲದಲ್ಲಿ ಹುಡುಕಬೇಕು. ಮರೈಮಲೈ ಅಡಿಗಳು 1916ರಲ್ಲಿ ಆರಂಭಿಸಿದ ಶುದ್ಧ ತಮಿಳಿನ ಚಳವಳಿ ಆ ವೇಳೆಗೆ ಬೇರೂರಿತ್ತು. ಶಾಲೆಗಳಲ್ಲಿ ಹಿಂದಿಯನ್ನು ಕಡ್ಡಾಯಗೊಳಿಸಿದುದರ ವಿರುದ್ಧ ಮದರಾಸಿನಲ್ಲಿ ಪ್ರತಿಭಟನೆ ತೀವ್ರವಾದದ್ದು 1938ರಲ್ಲಿ, ಇಲ್ಲಿಯ ನಿಲಯವು ಹುಟ್ಟಿದ ವರ್ಷದಲ್ಲೇ. ‘ವಾನೊಲಿ’ ಎಂಬ ಹೆಸರನ್ನು ಆ ನಿಲಯದ ತಮಿಳು ಕಾರ್ಯಕ್ರಮಪತ್ರಿಕೆಯೇ ಹೊತ್ತು ಮನೆಮನೆಗೆ ಮುಟ್ಟಿಸಿತ್ತು. ಎಂದಮೇಲೆ ಹೆಸರಿಲ್ಲದ ವಸ್ತುವಿಗೆ ದೆಹಲಿಯಿಂದ ಹೆಸರು ಬಂದಂತಾಗಲಿಲ್ಲ. ಹೆಸರುಳ್ಳ ವಸ್ತುವಿನ ಮೇಲೆ ಇನ್ನೊಂದು ಹೆಸರನ್ನು ಹೊದಿಸಿದಂತಾಯಿತು. ಕನ್ನಡಿಗರೂ ಒಂದು ಕ್ಷಣ ಊಹಿಸಿಕೊಳ್ಳಬೇಕು: ‘ಬೇತಾರ್’ ಎಂಬುದನ್ನೇ ಬೆಂಗಳೂರು, ಧಾರವಾಡಗಳಿಂದಲೂ ನುಡಿಯತಕ್ಕದ್ದೆಂದು ಆಜ್ಞೆ ಬಂದಿದ್ದರೆ ನಾವು ಸುಮ್ಮನಿರುತ್ತಿದ್ದೆವೇ?

ಪರಿಣಾಮವಾಗಿ ಬಹುಕಾಲ ಒಂದೇ ಪೆಟ್ಟಿಗೆಯಲ್ಲಿ ಎರಡು ಹೆಸರುಗಳು ಕೇಳಿಬಂದುವು. ಮದರಾಸು ತಿರುಚಿನಾಪಳ್ಳಿಗಳ ಉದ್ಘೋಷಕರು ‘ವಾನೊಲಿ’ ಎನ್ನುತ್ತಿದ್ದರು. ದೆಹಲಿಯಿಂದ ಬರುತ್ತಿದ್ದ ತಮಿಳು ವಾರ್ತೆಗಳು ‘ಆಕಾಶವಾಣಿ’ ಎಂದು ಮೊದಲಾಗುತ್ತಿದ್ದುವು. ವಿವಾದ ಇಂದಿಗೂ ಪೂರ್ಣವಾಗಿ ಶಮನಗೊಂಡಿಲ್ಲ. 1990ರ ಪ್ರಸಾರ ಭಾರತಿ ಕಾಯಿದೆಯು ಸಂಸ್ಥೆಯನ್ನು ‘ಆಕಾಶವಾಣಿ’ ಎಂದೇ ಕರೆದಿರುವುದನ್ನು ಆಧಾರವಾಗಿಟ್ಟುಕೊಂಡು, 2023ರ ಮೇ ತಿಂಗಳಲ್ಲಿ, ಇನ್ನು ಮುಂದೆ ‘ಆಲ್ ಇಂಡಿಯಾ ರೇಡಿಯೋ’ ಎಂಬ ಹೆಸರನ್ನು ಬಿಟ್ಟು ‘ಆಕಾಶವಾಣಿ’ ಎಂಬುದನ್ನೇ ಬಳಸಬೇಕೆಂದು ಆದೇಶವಾಯಿತು. ತಮಿಳುನಾಡಿನಿಂದ ಆಕ್ಷೇಪಣೆ ಎದ್ದಿತು. ಲೋಕಸಭಾ ಸದಸ್ಯ ಟಿ. ಆರ್. ಬಾಲು ಅವರು ಕೇಂದ್ರ ಮಂತ್ರಿಗಳಿಗೆ ಪತ್ರ ಬರೆದರು.

ಇಲ್ಲಿ ಭಾಷಾಶಾಸ್ತ್ರದ ಒಂದು ಅಂಶವನ್ನು ಗಮನಿಸಬೇಕು. ತಮಿಳಿನ ಪದಾದಿಯ ವಕಾರವು ಕನ್ನಡದಲ್ಲಿ ಬಕಾರವಾಗುವುದು ಸುವಿದಿತ. ವಾಯ್–ಬಾಯಿ, ವಿಲ್–ಬಿಲ್ಲು, ವೇರ್–ಬೇರು, ವೆಳ್ಳಿ–ಬೆಳ್ಳಿ: ಈ ಜೋಡಿಗಳನ್ನು ಮದರಾಸಿನ ಕನ್ನಡಿಗನು ದಿನವೂ ಅಂಗಡಿಬೀದಿಯಲ್ಲಿ ಕೇಳುತ್ತಾನೆ. ಹಾಗೆಯೇ ವಾನ್–ಬಾನ್. ಧ್ವನಿ ಎಂಬರ್ಥದ ತಮಿಳಿನ ‘ಒಲಿ’ಗೆ ಕನ್ನಡದ ಜ್ಞಾತಿ ‘ಉಲಿ’. ಕನ್ನಡದಲ್ಲಿ ‘ಒಲಿ’ ಎಂದರೆ ಪ್ರೀತಿಸು ಎಂಬ ಬೇರೆಯೇ ಅರ್ಥ. ಆದುದರಿಂದ ‘ವಾನೊಲಿ’ ಮತ್ತು ‘ಬಾನುಲಿ’ ಒಂದನ್ನೊಂದು ಹೋಲುವ ಎರಡು ಪದಗಳಷ್ಟೇ ಅಲ್ಲ. ಅಕ್ಷರಕ್ಕೆ ಅಕ್ಷರ ಹೊಂದುವ ಒಡಹುಟ್ಟುಗಳು. ತಮಿಳನ ಪದವನ್ನು ಪರಕೀಯವೆಂದು ಬಗೆಯುವ ಕನ್ನಡಿಗನು ತನ್ನ ಮನೆಯ ಮಗುವನ್ನೇ ಗುರುತಿಸದೆ ಹೋದಂತೆ.

ಕನ್ನಡವು ಎರಡು ಹೆಸರುಗಳನ್ನೂ ಇಟ್ಟುಕೊಂಡಿತು. ಆದರೆ ಎರಡಕ್ಕೂ ಕೆಲಸವನ್ನು ಸರಿಯಾಗಿ ಹಂಚಲಿಲ್ಲ. ಪ್ರಸಾರವೆಂದರೆ ಸರಕಾರದ್ದೊಂದೇ ಆಗಿದ್ದ ಕಾಲದಲ್ಲಿ ಸಂಸ್ಥೆಯ ಹೆಸರೇ ಮಾಧ್ಯಮದ ಹೆಸರೂ ಆಗಿ ನಡೆಯಿತು. 1995ರಲ್ಲಿ ಸರ್ವೋಚ್ಚ ನ್ಯಾಯಾಲಯವು, ಪ್ರಸಾರದ ಅಲೆಗಳು ಸಾರ್ವಜನಿಕರ ಸ್ವತ್ತು ಎಂದು ತೀರ್ಪಿತ್ತಿತು. 2001ರಲ್ಲಿ ಬೆಂಗಳೂರಿನಲ್ಲಿ ದೇಶದ ಮೊದಲ ಖಾಸಗಿ ಎಫ್. ಎಂ. ನಿಲಯವು ಹುಟ್ಟಿತು. 2004ರಲ್ಲಿ ನಮ್ಮ ನಗರದ ಅಣ್ಣಾ ವಿಶ್ವವಿದ್ಯಾಲಯದಲ್ಲಿ ದೇಶದ ಮೊದಲ ಕ್ಯಾಂಪಸ್ ಸಮುದಾಯ ನಿಲಯವು ಆರಂಭವಾಯಿತು. ಇವನ್ನು ಯಾರೂ ‘ಆಕಾಶವಾಣಿ’ ಎಂದು ಕರೆಯಲಿಲ್ಲ, ಕರೆಯಲೂ ಬಾರದು. ತಮಿಳರಿಗೆ ಈ ತೊಡಕು ಬರಲೇ ಇಲ್ಲ. ಅವರ ‘ವಾನೊಲಿ’ ಮೊದಲಿನಿಂದಲೂ ಜಾತಿವಾಚಕವಾಗಿದ್ದುದರಿಂದ ಸರಕಾರಿ, ಖಾಸಗಿ, ಸಮುದಾಯ ಎಂಬ ವಿಶೇಷಣಗಳನ್ನು ಸೇರಿಸಿಕೊಂಡು ಸುಗಮವಾಗಿ ನಡೆಯಿತು. ಕನ್ನಡಿಗರು ‘ಬಾನುಲಿ’ಯನ್ನು ನಾಟಕ, ಭಾಷಣಗಳ ಹಿಂದೆ ಅಲಂಕಾರವಾಗಿ ಮಾತ್ರ ಸೇರಿಸಿ, ನಿತ್ಯವ್ಯವಹಾರಕ್ಕೆ ‘ರೇಡಿಯೋ’ ಎಂಬುದನ್ನೇ ಹಿಡಿದರು.

ಇದರಿಂದ ನಾವು ತಿಳಿಯಬೇಕಾದುದಿಷ್ಟು. 30 ವ್ಯಾಟಿನ ಯಂತ್ರದಿಂದ ಹೊರಟ ಹೆಸರನ್ನು 1935ರಲ್ಲಿ ಮೈಸೂರಿನ ಜನ ಒಪ್ಪಿದ್ದು ಯಾವ ಆಜ್ಞೆಯಿಂದಲೂ ಅಲ್ಲ; ಅದು ಅವರ ಕಿವಿಗೆ ಹಿತವಾಗಿತ್ತು, ಆದ್ದರಿಂದ ಒಪ್ಪಿದರು. ಅದೇ ಹೆಸರು ಸುತ್ತೋಲೆಯಾಗಿ ಮದರಾಸಿಗೆ ಬಂದಾಗ, ಅರ್ಥ ಬದಲಾಗದಿದ್ದರೂ ಅದರ ಸ್ವರ ಬದಲಾಯಿತು. ಕೊಟ್ಟ ಹೆಸರಿಗೂ ಹೇರಿದ ಹೆಸರಿಗೂ ಇರುವ ಅಂತರವಿದು. ಆಕಾಶವಾಣಿ ಮೈಸೂರಿನ ಕೊಡುಗೆಯೆಂದು ನಾವು ಹೆಮ್ಮೆಪಡುವುದು ಯುಕ್ತ. ಅದನ್ನು ಒಲ್ಲೆನೆಂದವರನ್ನು ಸಂಕುಚಿತಬುದ್ಧಿಯವರೆನ್ನುವುದು ಯುಕ್ತವಲ್ಲ. ಸಂಸ್ಥೆಗೆ ‘ಆಕಾಶವಾಣಿ’ ಎಂಬ ಅಂಕಿತನಾಮವನ್ನು ಉಳಿಸಿಕೊಂಡು, ಮಾಧ್ಯಮಕ್ಕೆ ‘ಬಾನುಲಿ’ ಎಂಬ ಸಾಮಾನ್ಯನಾಮವನ್ನು ನಮ್ಮ ಬರೆಹಗಳಲ್ಲಿ ರೂಢಿಗೆ ತಂದರೆ, ಕನ್ನಡಕ್ಕೆ ಒಂದು ಪಾರಿಭಾಷಿಕ ಸೌಲಭ್ಯ ದೊರೆಯುವುದು. ಅದರ ಜೊತೆಗೆ, ನೆರೆಮನೆಯ ‘ವಾನೊಲಿ’ಯ ಪಕ್ಕದಲ್ಲಿ ಅದರ ಒಡಹುಟ್ಟು ಬಂದು ಕುಳಿತಂತಾಗುವುದು.