ಕಟ್ಟಡ ಕಳ್ಳರಿಗೆ ‘ಭಂಗಾರ’ವೇ ಬಂಗಾರ!

ಗುತ್ತೇದಾರರು, ಅಂಗಡಿಕಾರರು ಒಂದಾದರಷ್ಟೇ ಕಡಿವಾಣ

ಸೊಲ್ಲಾಪುರ: ಸ್ಲ್ಯಾಬ್ ಹಾಕಲು ದಿನ ಗೊತ್ತಾಗಿರುತ್ತದೆ. ಮಿಕ್ಸರ್‌ಗೆ ಮುಂಗಡ ಕೊಟ್ಟಾಗಿರುತ್ತದೆ, ಕೂಲಿಯವರ ಗ್ಯಾಂಗ್ ಬಂದು ನಿಂತಿರುತ್ತದೆ. ಬೆಳಿಗ್ಗೆ ಗವಂಡಿ ಎಣಿಸಿ ನೋಡಿದರೆ ಸೆಂಟ್ರಿಂಗ್ ಪ್ಲೇಟುಗಳಲ್ಲಿ ಹತ್ತು ಕಡಿಮೆ! ಬೋರ್‌ವೆಲ್ ಮೋಟರಿನ ಕೇಬಲ್ ಕೂಡ ಯಾರೋ ಕತ್ತರಿಸಿಕೊಂಡು ಹೋಗಿದ್ದಾರೆ. ಆ ದಿನದ ಕೆಲಸ ಅಲ್ಲಿಗೇ ಬಂದ್. ಸೊಲ್ಲಾಪುರ, ಅಕ್ಕಲಕೋಟ, ಜತ್ತ ಭಾಗದಲ್ಲಿ ಮನೆ ಕಟ್ಟಿಸುವವರಿಗೂ, ಗುತ್ತೇದಾರರಿಗೂ ಇದು ಹೊಸ ಸುದ್ದಿಯೇನಲ್ಲ.

ಸೊಲ್ಲಾಪುರ ಬೆಳೆಯುತ್ತಿದೆ. 2016ರ ಜನವರಿಯಲ್ಲಿ ಪ್ರಕಟವಾದ ಸ್ಮಾರ್ಟ್ ಸಿಟಿ ಯೋಜನೆಯ ಮೊದಲ 20 ನಗರಗಳ ಪಟ್ಟಿಯಲ್ಲಿ ಅದರ ಹೆಸರಿತ್ತು. ಕುಂಭಾರಿಯ ರೇ ನಗರದಲ್ಲಿ ಬೀಡಿ ಕಾರ್ಮಿಕರು, ಮಗ್ಗದ ಕಾರ್ಮಿಕರು ಮೊದಲಾದವರಿಗಾಗಿ ಕೈಗೊಂಡ 30,000 ಮನೆಗಳ ಯೋಜನೆಯಲ್ಲಿ ಮೊದಲ 15,000 ಮನೆಗಳ ಲೋಕಾರ್ಪಣೆ 2024ರ ಜನವರಿ 19ರಂದು ನಡೆಯಿತು. ಇಂಥ ದೊಡ್ಡ ಯೋಜನೆಗಳ ಮಾತು ಬೇರೆ. ಜುಳೆ ಸೊಲ್ಲಾಪುರ, ಹೊಟಗಿ ರೋಡ್, ಅಕ್ಕಲಕೋಟ ರೋಡ್ ಕಡೆಗೆ ಸಾಲ ತೆಗೆದು ಒಂದೊಂದೇ ಮನೆ ಕಟ್ಟಿಸುವವರ ಸೈಟಿಗೆ ಕಂಪೌಂಡ್ ಇಲ್ಲ, ದೀಪವಿಲ್ಲ. ಮಾಲು ಬಯಲಲ್ಲಿ, ಕಾವಲು ದೇವರದು.

ಇಷ್ಟು ದಿನ ಇದಕ್ಕೆ ಹುಡುಕಿದ ಉಪಾಯ ಒಂದೇ, ಅವರವರ ಸೈಟಿಗೆ ಅವರವರು ಬೀಗ ಹಾಕಿಕೊಳ್ಳುವುದು. ಒಬ್ಬ ಬೀಗ ಹಾಕಿದರೆ ಕಳ್ಳ ಪಕ್ಕದ ಸೈಟಿಗೆ ಹೋಗುತ್ತಾನೆ. ಕಳ್ಳನಿಗೂ ಮಾಲು ಕೊಳ್ಳುವವನಿಗೂ ಒಗ್ಗಟ್ಟಿದೆ, ಕಳಕೊಂಡವರು ಮಾತ್ರ ಬಿಡಿಬಿಡಿ. ಗುತ್ತೇದಾರರು, ಮಾಲು ಪೂರೈಸುವವರು, ಸೆಂಟ್ರಿಂಗ್ ಬಾಡಿಗೆಯವರು, ಭಂಗಾರದ ಅಂಗಡಿಯವರು ಮತ್ತು ಪೊಲೀಸರು ಒಂದೇ ಸರಪಳಿಯಾಗದ ಹೊರತು ಈ ಕಾಟ ತಪ್ಪುವುದಿಲ್ಲ.

ಹೋಗುವುದೇನು?

ಕಳ್ಳನಿಗೆ ಬೇಕಾದದ್ದು ಎರಡೇ ಗುಣ. ಕೈಯಲ್ಲಿ ಎತ್ತುವಂತಿರಬೇಕು, ಮರುದಿನವೇ ಮಾರುವಂತಿರಬೇಕು. ಸಳಿ, ಸೆಂಟ್ರಿಂಗ್ ಪ್ಲೇಟು, ಜಾಕ್, ತಾಮ್ರದ ವೈರು, ಮೋಟರು, ನಳದ ಸಾಮಾನು, ಸಿಮೆಂಟ್ ಚೀಲ ಇವೆಲ್ಲ ಆ ಲೆಕ್ಕಕ್ಕೆ ಸರಿಹೊಂದುತ್ತವೆ. 12 ಎಂ.ಎಂ. ದಪ್ಪದ, 12 ಮೀಟರ್ ಉದ್ದದ ಒಂದು ಸಳಿ ಸುಮಾರು 10.66 ಕಿಲೋ ತೂಗುತ್ತದೆ. ಹತ್ತು ಸಳಿ ಎತ್ತಿದರೆ ನೂರು ಕಿಲೋ ದಾಟಿತು. ಕಟರ್‌ನಿಂದ ತುಂಡು ಮಾಡಿ ಟಂಟಂನಲ್ಲಿ ಹಾಕಿದರೆ ಅದು ಹೊಸ ಸಳಿಯೋ, ಕೆಲಸದಲ್ಲಿ ಉಳಿದ ತುಂಡೋ ಎಂದು ಕೇಳುವವರಿಲ್ಲ.

ಸೆಂಟ್ರಿಂಗ್ ಪ್ಲೇಟುಗಳ ಕಥೆ ಇನ್ನೂ ಕೆಟ್ಟದ್ದು. ಅವು ಹೆಚ್ಚಾಗಿ ಗುತ್ತೇದಾರನವಲ್ಲ, ಬಾಡಿಗೆಗೆ ತಂದವು. ಹೋದ ಪ್ಲೇಟಿನ ದುಡ್ಡನ್ನು ಬಾಡಿಗೆಯವನು ಗುತ್ತೇದಾರನಿಂದ ಹಿಡಿಯುತ್ತಾನೆ, ಗುತ್ತೇದಾರ ಅದನ್ನು ಮನೆ ಮಾಲೀಕನ ಲೆಕ್ಕಕ್ಕೆ ಇಲ್ಲವೇ ಕೂಲಿಯವನ ಪಗಾರಕ್ಕೆ ಹಚ್ಚುತ್ತಾನೆ. ಕದ್ದ ಪ್ಲೇಟು ಕರಗದೆ ಮತ್ತೊಬ್ಬ ಬಾಡಿಗೆಯವನ ಕಡೆ ಹೋಗಿ ಮತ್ತೆ ಬಾಡಿಗೆ ದುಡಿಯುವುದೂ ಉಂಟು.

ಕದ್ದದ್ದು ಕಾಸಿನದು, ಕೆಡಿಸಿದ್ದು ಸಾವಿರದ್ದು

ವೈರಿನ ಕಳವಿನಲ್ಲಿ ಇದು ಸ್ಪಷ್ಟ. ಗೋಡೆಯೊಳಗಿನ ಪೈಪಿನಿಂದ ವೈರು ಎಳೆಯುವಾಗ ಬೋರ್ಡು ಕಿತ್ತು, ಪ್ಲಾಸ್ಟರ್ ಒಡೆದು ಹೋಗುತ್ತಾರೆ. ನಳ ಬಿಚ್ಚಲು ಬಾರದಿದ್ದರೆ ಪೈಪನ್ನೇ ಮುರಿಯುತ್ತಾರೆ. ಕಳ್ಳನ ಕೈಗೆ ಬರುವುದು ಕಿಲೋ ಎರಡು ಕಿಲೋ ತಾಮ್ರ, ಮಾಲೀಕನಿಗೆ ಎಲೆಕ್ಟ್ರಿಶಿಯನ್, ಗವಂಡಿ, ಪೇಂಟರ್ ಮೂವರ ಕೂಲಿಯೂ ಮತ್ತೊಮ್ಮೆ. ಇದಲ್ಲದೆ ಕುಡಿದು ಕೂಡುವವರು ಕಿಟಕಿಯ ಗಾಜು ಒಡೆಯುವುದು, ಹಸಿ ಕಟ್ಟಡದ ಇಟ್ಟಿಗೆ ಕೆಡವುವುದು, ಹೊಸ ಫರಸಿ ಕೆಡಿಸುವುದು ಬೇರೆ.

ಇದನ್ನು ಬರೀ ಪುಂಡಾಟಿಕೆ ಎಂದು ಬಿಡುವಂತಿಲ್ಲ. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನ್ಯಾಯ ಸಂಹಿತೆಯ ಕಲಂ 324ರಲ್ಲಿ ಆಸ್ತಿ ಹಾಳು ಮಾಡಿದ್ದಕ್ಕೆ ಶಿಕ್ಷೆ ಇದೆ. ಹಾನಿ 20 ಸಾವಿರ ರೂ.ನಿಂದ ಒಂದು ಲಕ್ಷದೊಳಗಿದ್ದರೆ ಎರಡು ವರ್ಷದವರೆಗೆ, ಒಂದು ಲಕ್ಷ ಹಾಗೂ ಮೇಲಾದರೆ ಐದು ವರ್ಷದವರೆಗೆ ಜೈಲು ಆಗಬಹುದು. ಆದ್ದರಿಂದ ದೂರು ಕೊಡುವಾಗ ಹೋದ ಮಾಲಿನ ಬೆಲೆ ಬೇರೆ, ಒಡೆದದ್ದರ ದುರಸ್ತಿ ಖರ್ಚು ಬೇರೆ ಬರೆಯಬೇಕು.

ಮೊದಲ ಸಂಶಯ ಬಡವನ ಮೇಲೆ

ಕಳವಾದ ಬೆಳಿಗ್ಗೆ ಮೊದಲು ಹಿಡಿಯುವುದು ವಾಚ್‌ಮನ್‌ನ ಕೊರಳಪಟ್ಟಿ. ಇಂಡಿ, ಸಿಂದಗಿ, ಅಫಜಲಪುರ, ಆಳಂದ ಕಡೆಯಿಂದ ದುಡಿಯಲು ಬಂದ ನಮ್ಮ ಕನ್ನಡದ ಜನ ಹೆಂಡರು ಮಕ್ಕಳೊಂದಿಗೆ ಸೈಟಿನ ಪತ್ರಾ ಶೆಡ್ಡಿನಲ್ಲೇ ಇರುತ್ತಾರೆ. ಹಗಲೆಲ್ಲ ಉಸುಕು, ಖಡಿ ಹೊತ್ತು ರಾತ್ರಿ ಕಾವಲೂ ಅವರದೇ. ದಣಿದು ಮಲಗಿದವ ಕಳವು ತಡೆಯುವುದಾದರೂ ಹೇಗೆ? ಠಾಣೆಯಲ್ಲಿ ಮರಾಠಿಯಲ್ಲಿ ಕೇಳಿದ್ದಕ್ಕೆ ಸರಿಯಾಗಿ ಉತ್ತರ ಕೊಡಲು ಬಾರದಿದ್ದರೆ ಸಂಶಯ ಮತ್ತಷ್ಟು ಗಟ್ಟಿಯಾಗುತ್ತದೆ.

ಒಳಗಿನವರ ಕೈವಾಡ ಇರುವುದೇ ಇಲ್ಲ ಎಂದಲ್ಲ. ಬೇಲಿಯೇ ಎದ್ದು ಹೊಲ ಮೇಯ್ದ ಪ್ರಸಂಗಗಳೂ ಇವೆ. ಆದರೆ ಲೆಕ್ಕವಿಲ್ಲದ ಸೈಟಿನಲ್ಲಿ ಕದ್ದವನೂ ಕಾಣುವುದಿಲ್ಲ, ನಿರಪರಾಧಿಯೂ ಪಾರಾಗುವುದಿಲ್ಲ. ಮಾಲು ಕಳೆದದ್ದಕ್ಕೆ ಪಗಾರ ಹಿಡಿಯಲೂ ವೇತನ ಕಾನೂನಿನಲ್ಲಿ ಕಟ್ಟಳೆ ಇದೆ. ಆ ಮಾಲನ್ನು ಕೆಲಸಗಾರನ ವಶಕ್ಕೇ ಕೊಟ್ಟಿರಬೇಕು, ಅವನ ನಿರ್ಲಕ್ಷ್ಯದಿಂದಲೇ ಹೋಗಿರಬೇಕು, ಅವನ ಮಾತು ಕೇಳಿರಬೇಕು. ಸಿಟ್ಟಿನಲ್ಲಿ ವಾರದ ಪಗಾರ ಮುರಿದುಕೊಳ್ಳುವುದು ನ್ಯಾಯವಲ್ಲ.

‘ಯಾಕ ಬೇಕ್ರಿ ಠಾಣೆ ಉಸಾಬರಿ?’

ಸಣ್ಣ ಕಳವಿನ ತಕ್ರಾರು ಕೊಡಲು ಹೆಚ್ಚಿನವರು ಹೋಗುವುದೇ ಇಲ್ಲ. ಪಂಚನಾಮೆ, ಓಡಾಟ, ಕೆಲಸ ಕೆಟ್ಟಿತು ಎನ್ನುವ ಭಾವನೆ. ಬಿಲ್ಡರ್‌ಗೆ ಇನ್ನೊಂದು ಅಂಜಿಕೆ. ಸೈಟಿನಲ್ಲಿ ಕಳವಾಯಿತೆಂಬ ಸುದ್ದಿ ಹಬ್ಬಿದರೆ ಫ್ಲ್ಯಾಟ್ ಕೊಳ್ಳುವವರು ಹಿಂಜರಿದಾರು, ಪ್ರತಿಸ್ಪರ್ಧಿ ನಕ್ಕಾನು. ಹೀಗೆ ಎಲ್ಲರೂ ಗುಟ್ಟು ಮಾಡಿದರೆ ಲಾಭವಾಗುವುದು ಕಳ್ಳನಿಗೆ.

ಕಾನೂನಿನ ಒಂದು ಅಂಶ ಇಲ್ಲಿ ತಿಳಿದಿರಬೇಕು. ಹೊಸ ಸಂಹಿತೆಯ ಕಲಂ 303ರಡಿ ಕಳವಿಗೆ ಮೂರು ವರ್ಷದವರೆಗೆ ಶಿಕ್ಷೆ. ಆದರೆ ಮಾಲಿನ ಬೆಲೆ 5,000 ರೂ.ಗಿಂತ ಕಡಿಮೆ ಇದ್ದು, ಮೊದಲ ಸಲ ತಪ್ಪಿತಸ್ಥನಾದವ ಮಾಲು ಮರಳಿಸಿದರೆ ಸಮುದಾಯ ಸೇವೆಯ ಶಿಕ್ಷೆ ಸಾಕು. ಇಂಥ ಸಣ್ಣ ಕಳವು ‘ಎನ್‌ಸಿ’ ಎಂದು ದಾಖಲಾಗಬಹುದು, ಆಗ ನ್ಯಾಯಾಲಯದ ಅಪ್ಪಣೆ ಇಲ್ಲದೆ ಪೊಲೀಸರು ತನಿಖೆಗೆ ಇಳಿಯುವಂತಿಲ್ಲ. ಕಿಲೋಗೆ 60 ರೂ. ಎಂದು ಹಿಡಿದರೆ 12 ಎಂ.ಎಂ.ನ ಏಳು ಸಳಿಗೆ ಆಗುವುದು ಸುಮಾರು 4,480 ರೂ. ಮಾತ್ರ. ಒಂದೊಂದು ಸೈಟಿನಿಂದ ಏಳೇಳು ಸಳಿ ಹೋದರೆ ಒಂದೂ ದೊಡ್ಡ ಪ್ರಕರಣ ಅನಿಸುವುದಿಲ್ಲ. ಹತ್ತು ಸೈಟಿನವರು ಕೂಡಿ ದಿನಾಂಕ, ಹೊತ್ತು, ಮಾಲಿನ ಪಟ್ಟಿ ಇಟ್ಟರೆ ಮಾತ್ರ ಇದು ಒಂದೇ ಟೋಳಿಯ ಕೆಲಸ ಎಂದು ತೋರಿಸಬಹುದು.

ಇನ್ನೊಂದು ಮಾತು. ಮಾಲು ಇಡಲು ಬಳಸುವ ಕಟ್ಟಡದಿಂದ ಕದ್ದರೆ ಕಲಂ 305 ಬರುತ್ತದೆ, ಶಿಕ್ಷೆ ಏಳು ವರ್ಷದವರೆಗೆ ಇದೆ. ಅಂದರೆ ಬೀಗವಿರುವ ಒಂದು ಸ್ಟೋರ್ ಕೋಣೆ ಮಾಲನ್ನೂ ಕಾಯುತ್ತದೆ, ಪ್ರಕರಣವನ್ನೂ ಗಟ್ಟಿ ಮಾಡುತ್ತದೆ.

ಭಂಗಾರದ ಅಂಗಡಿಯೇ ಹೆಬ್ಬಾಗಿಲು

ಕದ್ದ ಮಾಲನ್ನು ಯಾರೂ ಮನೆಯಲ್ಲಿಟ್ಟು ಪೂಜೆ ಮಾಡುವುದಿಲ್ಲ. ಕೊಳ್ಳುವವನಿದ್ದರಷ್ಟೇ ಕಳವು. ಮರಾಠಿಯ ‘ಭಂಗಾರ’ ಕಳ್ಳನ ಪಾಲಿಗೆ ಕನ್ನಡದ ಬಂಗಾರವಾಗುವುದು ಈ ಅಂಗಡಿಯ ತಕ್ಕಡಿಯಲ್ಲೇ. ಕದ್ದದ್ದೆಂದು ತಿಳಿದೋ, ನಂಬಲು ಕಾರಣವಿದ್ದೋ ಮಾಲು ಕೊಂಡವನಿಗೂ ಕಲಂ 317ರಲ್ಲಿ ಮೂರು ವರ್ಷದವರೆಗೆ ಶಿಕ್ಷೆ ಇದೆ. 2024ರ ಅಕ್ಟೋಬರ್ 10ರಿಂದ ಜಿಎಸ್‌ಟಿ ನೋಂದಣಿ ಇರುವ ವ್ಯಾಪಾರಿ ನೋಂದಣಿ ಇಲ್ಲದವರಿಂದ ಲೋಹದ ಭಂಗಾರ ಕೊಂಡರೆ ತೆರಿಗೆಯನ್ನು ತಾನೇ ಕಟ್ಟಬೇಕು, ಅಂದರೆ ಖರೀದಿ ಕಾಗದದ ಮೇಲೆ ಬರಲೇಬೇಕು. ಆದರೆ ನೋಂದಣಿಯ ಮಿತಿಯೊಳಗಿನ ಚಿಕ್ಕ ಅಂಗಡಿಗಳು ಇದರ ಹೊರಗೇ ಉಳಿಯುತ್ತವೆ.

ಪ್ರಾಮಾಣಿಕ ಭಂಗಾರ ವ್ಯಾಪಾರಿಗಳೂ ಬಹಳ ಜನ ಇದ್ದಾರೆ. ಅವರನ್ನು ಬೈದು ದೂರ ಇಡುವ ಬದಲು ಜೊತೆಗೆ ಕರೆದುಕೊಳ್ಳುವುದು ಜಾಣತನ. ಹೊಸ ಸಳಿಯ ತುಂಡು, ಸುಟ್ಟ ತಾಮ್ರ, ಅಖಂಡ ಸೆಂಟ್ರಿಂಗ್ ಪ್ಲೇಟು ಬಂದರೆ ಮಾರುವವನ ಗುರುತಿನ ಚೀಟಿ ನೋಡಿ ಬರೆದಿಟ್ಟುಕೊಳ್ಳುವುದು, ನಗದು ಬದಲು ಖಾತೆಗೆ ಹಣ ಹಾಕುವುದು ಅವರಿಗೂ ರಕ್ಷಣೆ.

ಹೊರದೇಶದಲ್ಲಿ ಹೀಗೆ

ಇಂಗ್ಲೆಂಡ್ ಮತ್ತು ವೇಲ್ಸ್‌ನಲ್ಲಿ ಲೋಹದ ಕಳವು ವಿಪರೀತವಾದಾಗ ಭಂಗಾರಕ್ಕೆ ನಗದು ಕೊಡುವುದನ್ನೇ ನಿಷೇಧಿಸಿದರು. 2013ರ ಕಾಯ್ದೆಯಂತೆ ಅಂಗಡಿಗೆ ಪರವಾನಗಿ ಬೇಕು, ಮಾರುವವನ ಗುರುತು ಪರೀಕ್ಷಿಸಬೇಕು. ಅದಕ್ಕೂ ಮೊದಲು 2007ರಲ್ಲಿ ಬ್ರಿಟನ್ನಿನ ಕಟ್ಟಡ ಯಂತ್ರ ಉದ್ಯಮದವರೇ ಕೂಡಿ ‘ಸೀಸರ್’ ಎಂಬ ಯೋಜನೆ ತಂದರು. ಯಂತ್ರದ ಮೇಲೆ ಎದ್ದು ಕಾಣುವ ನಂಬರಿನ ತಗಡು, ಒಳಗೆ ಗುಪ್ತ ಗುರುತು, ಎಲ್ಲದಕ್ಕೂ ಒಂದೇ ನೋಂದಣಿ ಪಟ್ಟಿ. ಪೊಲೀಸರು ಎಲ್ಲಿಯೇ ಯಂತ್ರ ತಡೆದರೂ ಮಾಲೀಕ ಯಾರೆಂದು ತಿಳಿಯುತ್ತದೆ. ಒಂದೇ ಕಂಪನಿಯ ಅನೇಕ ಯಂತ್ರಗಳಿಗೆ ಒಂದೇ ಕೀಲಿಕೈ ಹೊಂದುವ ಈ ಧಂದೆಯಲ್ಲಿ ಗುರುತು ಎಷ್ಟು ಮುಖ್ಯ ಎಂದು ಬೇರೆ ಹೇಳಬೇಕಿಲ್ಲ. ವ್ಯಾಪಾರದಲ್ಲಿ ಪೈಪೋಟಿ ಇದ್ದರೂ ಕಳ್ಳನ ವಿಷಯದಲ್ಲಿ ಒಂದಾದದ್ದು ಅಲ್ಲಿಯ ಪಾಠ.

ಗಡಿ ದಾಟಿದರೆ?

ನಮ್ಮ ಭಾಗಕ್ಕೆ ಇನ್ನೊಂದು ತೊಡಕು. ಟಾಕಳಿಯ ಭೀಮಾ ಸೇತುವೆ ದಾಟಿದರೆ ಧೂಳಖೇಡ, ಅಲ್ಲಿಂದ ಕರ್ನಾಟಕ. ವಾಗ್ದರಿ ದಾಟಿದರೆ ಆಳಂದದ ದಾರಿ, ಜತ್ತದಿಂದ ವಿಜಯಪುರ ದೂರವಲ್ಲ. ರಾತ್ರಿ ಇಲ್ಲಿ ಹೋದ ಮಾಲು ಬೆಳಗಾಗುವುದರೊಳಗೆ ಬೇರೆ ರಾಜ್ಯದ ಪೊಲೀಸರ ಹದ್ದಿಗೆ ಸೇರಬಹುದು. ನಮ್ಮ ಹದ್ದಿನದಲ್ಲ ಎಂದು ಮರಳಿ ಕಳಿಸುವ ಕಾಲ ಈಗಿಲ್ಲ. ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ ಕಲಂ 173ರಂತೆ ತನಿಖೆಗೆ ಅರ್ಹವಾದ ಅಪರಾಧ ಎಲ್ಲಿಯೇ ನಡೆದಿದ್ದರೂ ಯಾವ ಠಾಣೆಯಲ್ಲಾದರೂ ಮಾಹಿತಿ ಕೊಡಬಹುದು. ಆನ್‌ಲೈನ್ ಮೂಲಕ ಕೊಟ್ಟರೆ ಮೂರು ದಿನದೊಳಗೆ ಹೋಗಿ ಸಹಿ ಮಾಡಬೇಕು. ತುರ್ತು ಕರೆಗೆ ಎರಡೂ ರಾಜ್ಯದಲ್ಲಿ 112 ಒಂದೇ ನಂಬರು.

ಕಾನೂನು ದಾರಿ ಬಿಟ್ಟಿದೆ, ಮಾಹಿತಿ ಮುಂದೆ ಹೋಗಬೇಕಷ್ಟೇ. ಎರಡೂ ಕಡೆಯ ಭಾಷೆ ಬಲ್ಲ ನಮ್ಮ ಗಡಿಭಾಗದ ಗುತ್ತೇದಾರರಿಗೆ ಇದು ಕಷ್ಟವಲ್ಲ. ಅಕ್ಕಲಕೋಟದವನ ಒಂದು ಫೋಟೊ, ಒಂದು ಸಾಲಿನ ಸುದ್ದಿ ಅದೇ ರಾತ್ರಿ ಅಫಜಲಪುರದ, ಇಂಡಿಯ ಅಂಗಡಿಗೆ ಮುಟ್ಟಿದರೆ ಬೆಳಿಗ್ಗೆ ತಕ್ಕಡಿಗೆ ಬಂದ ಮಾಲು ಸಿಗುವ ಸಂಭವ ಹೆಚ್ಚು.

ಕೂಡಿ ಮಾಡಬಹುದಾದದ್ದು

* ಅಕ್ಕಪಕ್ಕದ ಐದಾರು ಸೈಟಿನವರು ಖರ್ಚು ಹಂಚಿಕೊಂಡು ರಾತ್ರಿಗೆಂದೇ ಒಬ್ಬ ಕಾವಲುಗಾರನನ್ನು ಇಡುವುದು. ಸೆಕ್ಯೂರಿಟಿ ಏಜನ್ಸಿಯಿಂದ ತರುವುದಾದರೆ 2005ರ ಕಾಯ್ದೆಯ ಪರವಾನಗಿ ಇದೆಯೇ ಎಂದು ನೋಡಬೇಕು. ಹಗಲು ದುಡಿದವನನ್ನೇ ರಾತ್ರಿ ಕಾಯಲು ಹಚ್ಚಬಾರದು.

* ಮಾಲು ಬಂದಾಗ, ಖರ್ಚಾದಾಗ ರಜಿಸ್ಟರ್‌ನಲ್ಲಿ ಬರೆಯುವುದು. ಸಳಿಯ ಮೇಲೆ ಕಂಪನಿಯ ಗುರುತು ಉಬ್ಬಿರುತ್ತದೆ, ಸಿಮೆಂಟ್ ಚೀಲದ ಮೇಲೆ ತಯಾರಾದ ವಾರ ಮತ್ತು ವರ್ಷ ಇರುತ್ತದೆ. ಒಂದು ಫೋಟೊ ಸಾಕು, ನಾಳೆ ಅದೇ ಸಾಕ್ಷಿ.

* ಪ್ಲೇಟು, ಜಾಕ್, ವೈಬ್ರೇಟರ್ ಮೇಲೆ ವೆಲ್ಡಿಂಗ್‌ನಿಂದ ಹೆಸರಿನ ಅಕ್ಷರ, ನಂಬರು ಕೊರೆಸುವುದು. ಬರೀ ಬಣ್ಣ ಹಚ್ಚಿದರೆ ಅದರ ಮೇಲೆ ಇನ್ನೊಂದು ಬಣ್ಣ ಬೀಳುತ್ತದೆ. ಬಾಡಿಗೆಯವರೆಲ್ಲ ತಮ್ಮ ಗುರುತಿನ ಪಟ್ಟಿಯನ್ನು ಒಬ್ಬರಿಗೊಬ್ಬರು ಕೊಟ್ಟಿರಬೇಕು.

* ಬೇಕಾದಷ್ಟೇ ಮಾಲು ತರಿಸುವುದು. ವೈರು, ನಳ, ಮೋಟರು ಇವನ್ನು ಬಾಗಿಲು ಕಿಟಕಿ ಕೂಡಿಸಿದ ಮೇಲೆಯೇ ಹಾಕಿಸುವುದು.

* ಕಳವಾದ ರಾತ್ರಿಯೇ ಎಲ್ಲರಿಗೂ ಸುದ್ದಿ ಮುಟ್ಟಿಸುವುದು. ಮಹಾರಾಷ್ಟ್ರದ ಹಲವು ಜಿಲ್ಲೆಗಳ ಗ್ರಾಮೀಣ ಭಾಗದಲ್ಲಿ ಬಳಕೆಗೆ ಬಂದ ‘ಗ್ರಾಮ ಸುರಕ್ಷಾ ಯಂತ್ರಣೆ’ಯಲ್ಲಿ ಒಬ್ಬ ಫೋನಿನಲ್ಲಿ ಮಾತಾಡಿದರೆ ಊರಿನ ನೋಂದಾಯಿತ ಫೋನುಗಳಿಗೆಲ್ಲ ಅದೇ ಧ್ವನಿ ಕೇಳಿಸುತ್ತದೆ. ಹಳ್ಳಿಗೆ ಆದದ್ದು ಬಡಾವಣೆಗೂ ಆಗಬಹುದು. ಹಳ್ಳಿಯ ಕಡೆ ಸೈಟಿದ್ದರೆ ಪೊಲೀಸ್ ಪಾಟೀಲರಿಗೆ ಮೊದಲೇ ತಿಳಿಸಿಡಬೇಕು.

* ದೊಡ್ಡ ಕೆಲಸಕ್ಕೆ ‘ಕಾಂಟ್ರ್ಯಾಕ್ಟರ್ಸ್ ಆಲ್ ರಿಸ್ಕ್’ ವಿಮೆ ಮಾಡಿಸುವುದು. ಆದರೆ ಮಾಲು ಎಣಿಸುವಾಗ ಕಡಿಮೆ ಬಂತು ಎಂದಷ್ಟೇ ಹೇಳಿದರೆ ಈ ವಿಮೆಯಲ್ಲಿ ಪರಿಹಾರ ಇಲ್ಲ. ಯಾವಾಗ, ಹೇಗೆ ಹೋಯಿತೆಂದು ತೋರಿಸಬೇಕು, ಪೊಲೀಸ್ ದೂರು ಇರಬೇಕು. ದಿನದ ಲೆಕ್ಕ ಇಡದವನಿಗೆ ವಿಮೆಯೂ ಕೈ ಕೊಡುತ್ತದೆ.

ಇದನ್ನೆಲ್ಲ ಒಬ್ಬೊಬ್ಬರೇ ಮಾಡಲಾಗದು. 1941ರಲ್ಲಿ ಹುಟ್ಟಿದ ಬಿಲ್ಡರ್ಸ್ ಅಸೋಸಿಯೇಶನ್ ಆಫ್ ಇಂಡಿಯಾ, 1999ರಲ್ಲಿ ಆರಂಭವಾದ ಕ್ರೆಡಾಯ್‌ನಂಥ ಸಂಘಟನೆಗಳು ದೊಡ್ಡ ಬಿಲ್ಡರ್‌ಗಳಿಗೆ ವೇದಿಕೆಯಾಗಿವೆ. ಒಂದೆರಡು ಮನೆ ಕಟ್ಟುವ ಸಣ್ಣ ಗುತ್ತೇದಾರನಿಗೆ, ಗವಂಡಿ ಮೇಸ್ತ್ರಿಗೆ ಅಂಥ ಸಂಘಟನೆ ಇಲ್ಲ. ಹೆಚ್ಚು ಪೆಟ್ಟು ತಿನ್ನುವವನೂ ಅವನೇ. ದೊಡ್ಡವರು ತಿಂಗಳಿಗೊಮ್ಮೆ ಠಾಣೆಯ ಅಧಿಕಾರಿಗಳ ಜೊತೆ ಕೂಡುವಾಗ ಈ ಸಣ್ಣವರನ್ನೂ, ಭಂಗಾರ ಅಂಗಡಿಯವರನ್ನೂ, ಕೂಲಿಕಾರರ ಮುಕಾದಮನನ್ನೂ ಕರೆಯಬೇಕು. ಕನ್ನಡ ಮಾತಾಡುವ ಕಾರ್ಮಿಕನ ಮಾತನ್ನು ಮರಾಠಿಯಲ್ಲಿ ಹೇಳಲು ಒಬ್ಬ ಇರಬೇಕು.

ಕೋಟೆ ಸೂರೆ ಹೋದ ಮೇಲೆ ದಿಡ್ಡಿ ಬಾಗಿಲು ಹಾಕಿದರು ಎಂಬ ಗಾದೆ ನಮ್ಮಲ್ಲಿದೆ. ಮಳೆಗಾಲ ಮುಗಿದು ಕಟ್ಟಡ ಕೆಲಸ ಜೋರಾಗುವ ಮೊದಲೇ ಇಂಥದೊಂದು ಸಭೆ ಆಗಲಿ. ಸಾಲದ ಕಂತು ಕಟ್ಟುತ್ತಲೇ ಮನೆ ಏಳುವುದನ್ನು ಕಾಯುತ್ತಿರುವ ಕುಟುಂಬಕ್ಕೂ, ಪತ್ರಾ ಶೆಡ್ಡಿನಲ್ಲಿ ಮಲಗುವ ಕಾವಲುಗಾರನಿಗೂ ನೆಮ್ಮದಿಯ ನಿದ್ದೆ ಸಿಗಲಿ ಎಂಬುದೇ ಈ ಭಾಗದ ನಾಗರಿಕರ ಆಗ್ರಹ.