ಐಸಾ? ನೀರಾ? ಇಲ್ಲ ಹಂಗೇನಾ?

ಮಂಡ್ಯ: ಏಪ್ರಿಲ್ ತಿಂಗಳ ಸಂಜೆ ಏಳು ಗಂಟೆ. ಕರೆಂಟು ಹೋಗಿ ಮುಕ್ಕಾಲು ಗಂಟೆಯಾಗಿದೆ. ಬಸ್ ಸ್ಟ್ಯಾಂಡಿಗೆ ಕೂಗಳತೆಯ ಬಾರೊಂದರ ಮೂಲೆ ಟೇಬಲ್ಲಿನಲ್ಲಿ ನಾಲ್ವರು ಮಹಾಶಯರು ಕೂತಿದ್ದಾರೆ. ರಿಟೈರಾದ ವಿಜ್ಞಾನದ ಮೇಷ್ಟ್ರು, ಕಬ್ಬಿನ ಲಾರಿಯ ಮಾಲೀಕ, ಪೆನ್ಷನ್ ಎಣಿಸುವ ಮಾಜಿ ಸುಬೇದಾರ್, ಯುಗಾದಿಗೆಂದು ಬೆಂಗಳೂರಿನಿಂದ ಬಂದು ಇನ್ನೂ ವಾಪಸು ಹೋಗದ ಮೇಷ್ಟ್ರ ಕಂಪ್ಯೂಟರ್ ಅಳಿಯ. ಮುಂದೆ ಎರಡು ಬಾಟಲಿ, ನಾಲ್ಕು ಗ್ಲಾಸು, ಒಂದು ತಟ್ಟೆ ಬೋಟಿ ಫ್ರೈ, ಮಧ್ಯೆ ಒಂದು ಮೇಣದ ಬತ್ತಿ.

ಮಾಮೂಲಿಯಾಗಿದ್ದರೆ ಇಷ್ಟು ಹೊತ್ತಿಗೆ ಎರಡನೇ ರೌಂಡು ಮುಗಿಯಬೇಕಿತ್ತು. ಇವತ್ತು ಮೊದಲನೆಯದೇ ಶುರುವಾಗಿಲ್ಲ. ಕಾರಣ, ಐಸಿಲ್ಲ. ಫ್ರಿಜ್ಜಿನಲ್ಲಿದ್ದುದು ಕರಗಿ ನೀರಾಗಿದೆ. ಹುಡುಗನನ್ನು ತರಲು ಓಡಿಸಲಾಗಿದೆ.

"ಈ ಸೆಕೇಲಿ ಐಸಿಲ್ದೆ ಕುಡಿಯೋಕೆ ಇದೇನು ಕಷಾಯವಾ?" ಎಂಬುದು ಲಾರಿ ಮಾಲೀಕನ ಪ್ರಶ್ನೆ. "ಒಳ್ಳೆ ವಿಸ್ಕಿಗೆ ಐಸ್ ಹಾಕೋದು ಪಾಪ ಅಂಕಲ್, ನಾಲ್ಕು ಹನಿ ನೀರು ಸಾಕು" ಎಂದು ಅಳಿಯ. "ಪಲ್ಟನ್ನಿನಲ್ಲಿ ಅರ್ಧಕ್ಕರ್ಧ ನೀರು, ಮಾತಿಲ್ಲ" ಎಂದು ಸುಬೇದಾರ್. ಮೇಷ್ಟ್ರದು ಮೂರೂ ಅಲ್ಲ. ನೀರು ಹಾಕಿದರೆ ಕೊಟ್ಟ ಕಾಸು ನೀರಾಯ್ತದೆ ಅನ್ನುವ ಪಂಥ ಅವರದು. ಹಂಗೇ ಎತ್ತಿ ಹಂಗೇ ಇಳಿಸುವವರು.

ಕಾವೇರಿ ನೀರಿಗಾಗಿ ರಸ್ತೆಗಿಳಿದ ಊರು ಇದು. ಗ್ಲಾಸಿನ ನೀರಿಗೆ ಜಗಳವಾಡದೆ ಬಿಟ್ಟೀತೇ? ಜಿಲ್ಲೆಯ ಯಾವ ಬಾರಿಗೆ ಹೋದರೂ ಈ ನಾಲ್ಕು ಪಕ್ಷಗಳು ಸಿಗುತ್ತವೆ. ತಮಾಷೆಯೆಂದರೆ ನಾಲ್ಕೂ ಪಕ್ಷದಲ್ಲಿ ಅಷ್ಟಿಷ್ಟು ನಿಜವಿದೆ. ಮೇಷ್ಟ್ರ ಪಕ್ಷದಲ್ಲಿ ಮಾತ್ರ ಸ್ವಲ್ಪ ಕಮ್ಮಿ.

ಯಾಕೆಂದರೆ ಮೇಷ್ಟ್ರು "ರಾ" ಎಂದು ಕುಡಿಯುವ ಮಾಲಿನಲ್ಲಿ ಅರ್ಧಕ್ಕಿಂತ ಹೆಚ್ಚಿರುವುದೇ ನೀರು. ಬಾಟಲಿಯ ಚೀಟಿ ಓದಿದರೆ ಸಾಕು, ಅಲ್ಲಿ 42.8 ಪರ್ಸೆಂಟ್ ಎಂದಿರುತ್ತದೆ. ಕೆಲವದರ ಮೇಲೆ "75 ಡಿಗ್ರಿ ಪ್ರೂಫ್", "25 ಯು.ಪಿ." ಎಂದೂ ಇರುತ್ತದೆ. ಯು.ಪಿ. ಎಂದರೆ ಉತ್ತರ ಪ್ರದೇಶವಲ್ಲ, ಅಂಡರ್ ಪ್ರೂಫ್. ಹಿಂದೆ ಇಂಗ್ಲೆಂಡಿನಲ್ಲಿ ಸಾರಾಯಿಯ ಸುಂಕ ಕಟ್ಟಿಸಿಕೊಳ್ಳುವವರು ಕೋವಿಮದ್ದಿಗೆ ಮಾಲು ಸುರಿದು ಬೆಂಕಿ ಹಚ್ಚಿ ನೋಡುತ್ತಿದ್ದರಂತೆ. ಮದ್ದು ಹೊತ್ತಿಕೊಂಡರೆ ಮಾಲು ಪಾಸು, ಠುಸ್ಸೆಂದರೆ ನೀರು ಜಾಸ್ತಿ. ಆ ಪಾಸಾಗುವ ಗೆರೆ ನೂರಕ್ಕೆ 57ರಷ್ಟು ಆಲ್ಕೋಹಾಲ್. ಅದರಲ್ಲಿ ಕಾಲು ಭಾಗ ಕಳೆದರೆ 42.8. ಇಂಗ್ಲಿಷಿನವರು ಹೋದರೂ ಅವರ ಮದ್ದಿನ ಲೆಕ್ಕ ಮಾತ್ರ ಬಾಟಲಿ ಮೇಲೆ ಕೂತಿದೆ. ಡಿಸ್ಟಿಲರಿಯ ದೊಡ್ಡ ಕಂಬದಿಂದ ಸ್ಪಿರಿಟ್ಟು ಇಳಿಯುವಾಗ ಸುಮಾರು 96 ಪರ್ಸೆಂಟ್ ಇರುತ್ತದೆ. ಅದಕ್ಕೆ ನೀರು ಬೆರೆಸಿ ಈ ಮಟ್ಟಕ್ಕೆ ತರುವುದು ಕಂಪನಿಯವರೇ. ಮೇಷ್ಟ್ರು ಕೊಟ್ಟ ಕಾಸು ಆಗಲೇ ನೀರಾಗಿರುತ್ತದೆ.

ಹಾಗಿದ್ದ ಮೇಲೆ ಇನ್ನಷ್ಟು ನೀರು ಹಾಕಿದರೆ ಏನಾಗುತ್ತದೆ?

ಇದಕ್ಕೆ ಅಳಿಯನ ಬಳಿ ಫಾರಿನ್ ಸಾಕ್ಷಿ ಇದೆ. 2017ರಲ್ಲಿ ಸ್ವೀಡನ್ನಿನ ಲಿನ್ನೇಯಸ್ ವಿಶ್ವವಿದ್ಯಾನಿಲಯದ ಇಬ್ಬರು ವಿಜ್ಞಾನಿಗಳು ಈ ಪ್ರಶ್ನೆಯನ್ನು ಕಂಪ್ಯೂಟರಿನಲ್ಲಿ ಹಾಕಿ ನೋಡಿದರು. ವಿಸ್ಕಿಗೆ ಹೊಗೆ ಹೊಗೆ ವಾಸನೆ ಕೊಡುವ ಗ್ವಾಯಕಾಲ್ ಎಂಬ ಪದಾರ್ಥವಿದೆ. ಮಾಲು ಕಡಕ್ಕಾಗಿದ್ದರೆ ಅದು ಆಲ್ಕೋಹಾಲಿನ ಒಳಗೇ ಅವಿತಿರುತ್ತದೆ, ನೀರು ಬಿದ್ದ ಹಾಗೆ ಮೇಲಕ್ಕೆ ಬರುತ್ತದೆ ಎಂದು ಅವರ ಲೆಕ್ಕ ಹೇಳಿತು. ಮೇಲೆ ಬಂದದ್ದು ಮೂಗಿಗೆ ಸಿಕ್ಕೀತು ತಾನೆ? 2023ರಲ್ಲಿ ಅಮೆರಿಕದ ವಾಷಿಂಗ್ಟನ್ ಸ್ಟೇಟ್ ವಿಶ್ವವಿದ್ಯಾನಿಲಯದವರು 25 ಬಗೆಯ ವಿಸ್ಕಿ ತಂದು ನೀರು ಬೆರೆಸುತ್ತ ಹೋದರು. ಎಂಬತ್ತು ಭಾಗ ವಿಸ್ಕಿಗೆ ಇಪ್ಪತ್ತು ಭಾಗ ನೀರಿನವರೆಗೆ ಒಂದೊಂದರ ವಾಸನೆಯೂ ಬೇರೆ ಬೇರೆ ಎಂದು ತಿಳಿಯುತ್ತಿತ್ತು. ಅದನ್ನು ದಾಟಿದರೆ ಒಂದರ ಮುಖ ಒಂದರ ಹಾಗೆ. 60 ಎಂ.ಎಲ್. ಪೆಗ್ಗಿಗೆ ಈ ಲೆಕ್ಕ ಹಚ್ಚಿದರೆ ನೀರು 15 ಎಂ.ಎಲ್., ಅಂದರೆ ಮೂರು ಟೀ ಚಮಚ. ನಾಲ್ಕು ಹನಿಯೂ ಅಲ್ಲ, ಅರ್ಧ ಚೊಂಬೂ ಅಲ್ಲ.

ಆದರೆ ಸುಬೇದಾರ್ ಸಾಹೇಬರನ್ನು ಹಳ್ಳಿ ಗಮಾರ ಅನ್ನುವ ಹಾಗಿಲ್ಲ. ಸ್ಕಾಟ್ಲೆಂಡಿನಲ್ಲಿ ವಿಸ್ಕಿ ಬೆರೆಸುವುದನ್ನೇ ಹೊಟ್ಟೆಪಾಡು ಮಾಡಿಕೊಂಡವರು ಮೂಸಿ ಪರೀಕ್ಷೆ ಮಾಡುವಾಗ ನೀರು ಹಾಕಿ ಸುಮಾರು 20 ಪರ್ಸೆಂಟಿಗೆ ಇಳಿಸಿಕೊಳ್ಳುತ್ತಾರೆ. ದಿನಕ್ಕೆ ಹತ್ತಾರು ಮಾದರಿ ಮೂಸುವ ಮೂಗು ಸುಟ್ಟುಹೋಗಬಾರದಲ್ಲ? 42.8ಕ್ಕೆ ಅರ್ಧಕ್ಕರ್ಧ ನೀರು ಹಾಕಿದರೆ ಬರುವುದು 21.4. ಪಲ್ಟನ್ನಿನ ಅಳತೆ ಅಲ್ಲಿಗೇ ಬಂದು ನಿಲ್ಲುತ್ತದೆ.

ಇಲ್ಲಿ ಒಂದು ಮಾತನ್ನು ಬಿಡಿಸಿ ಹೇಳಬೇಕು. ಈ ಗ್ವಾಯಕಾಲು, ಹೊಗೆ ವಾಸನೆ, ಮೂಸಾಟ ಎಲ್ಲ ಬಾರ್ಲಿಯ ಮಾಲ್ಟಿನಿಂದ ಮಾಡಿ ಮರದ ಪೀಪಾಯಿಯಲ್ಲಿ ವರ್ಷಗಟ್ಟಲೆ ಮಲಗಿಸಿದ ವಿಸ್ಕಿಯ ಮಾತು. ಇಲ್ಲಿ ಕ್ವಾರ್ಟರ್ ಲೆಕ್ಕದಲ್ಲಿ ಖರ್ಚಾಗುವ ಅಗ್ಗದ ವಿಸ್ಕಿಯ ಜಾತಕವೇ ಬೇರೆ. ಅದರ ತಾಯಿ ಬಹುಮಟ್ಟಿಗೆ ಕಾಕಂಬಿ. ಕಾಕಂಬಿ ಅಂದರೇನೆಂದು ಮಂಡ್ಯದವರಿಗೆ ಯಾರೂ ಹೇಳಿಕೊಡಬೇಕಿಲ್ಲ; 1933ರ ಮೈಷುಗರ್ ಕಾರ್ಖಾನೆಯ ಗಾಳಿ ಉಂಡು ಬೆಳೆದ ಊರು. ಆ ಕಾರ್ಖಾನೆಗೆ ತನ್ನದೇ ಡಿಸ್ಟಿಲರಿಯೂ ಇತ್ತು. ಕಾಕಂಬಿಯ ಸ್ಪಿರಿಟ್ಟಿಗೆ ಒಂದಿಷ್ಟು ಮಾಲ್ಟ್ ವಿಸ್ಕಿ ಸೇರಿಸಿ, ಬಣ್ಣ ಹಚ್ಚಿ ಬಾಟಲಿಗೆ ತುಂಬಿದ್ದನ್ನು ಯೂರೋಪಿನಲ್ಲಿ ವಿಸ್ಕಿ ಎಂದು ಮಾರುವಂತಿಲ್ಲ, ಅಲ್ಲಿ ಧಾನ್ಯದಿಂದಲೇ ಆಗಿರಬೇಕು. 2007ರ ಜುಲೈ 1ರಂದು ಸಾರಾಯಿ ನಿಂತ ಮೇಲೆ ಪ್ಯಾಕೆಟ್ಟಿನವರೂ ಇದಕ್ಕೇ ಬಂದರು. ಇಂಥ ಮಾಲಿಗೆ ಮೂರು ಚಮಚ ನೀರು ಹಾಕಿ ಕಣ್ಣು ಮುಚ್ಚಿ ಮೂಸುತ್ತ ಕೂತರೆ ಅವಿತಿದ್ದ ಪರಿಮಳವೇನೂ ಎದ್ದು ಬರುವುದಿಲ್ಲ, ಸ್ಪಿರಿಟ್ಟಿನ ಘಾಟು ಬರುತ್ತದೆ ಅಷ್ಟೆ. ತಣ್ಣಗಾದಷ್ಟೂ ವಾಸನೆ ಏಳುವುದು ಕಮ್ಮಿ. ಒಳ್ಳೆ ವಿಸ್ಕಿಗೆ ಇದು ನಷ್ಟ, ಅಗ್ಗದ ವಿಸ್ಕಿಗೆ ಲಾಭ. ಲಾರಿ ಮಾಲೀಕ ತಿಳಿದು ಹೇಳಿದನೋ ತಿಳಿಯದೆ ಹೇಳಿದನೋ, ಅವನ ಬಾಟಲಿಗೆ ಅವನ ಮಾತು ಸರಿ.

ಅಳಿಯನ ಬಾಟಲಿಗೂ ಅದು ಪೂರಾ ತಪ್ಪಲ್ಲ. ವಿಸ್ಕಿಯನ್ನು ಕೋಣೆಯ ಕಾವಿನಲ್ಲೇ ಕುಡಿಯಬೇಕೆಂದು ಬರೆದವರು ಸ್ಕಾಟ್ಲೆಂಡಿನವರು. ಅಲ್ಲಿನ ಹಳೆ ಮನೆಯ ಕೋಣೆಯೆಂದರೆ ಹದಿನೈದೋ ಹದಿನೆಂಟೋ ಡಿಗ್ರಿ. ಮಂಡ್ಯದ ಏಪ್ರಿಲ್ಲಿನಲ್ಲಿ ಫ್ಯಾನು ನಿಂತ ಕೋಣೆ ಮೂವತ್ತು ದಾಟಿರುತ್ತದೆ. ಆ ಕಾವಿಗೆ ಗ್ಲಾಸು ಮೂಗಿನ ಹತ್ತಿರ ಬಂದರೆ ಮೊದಲು ಹೊಡೆಯುವುದು ಆಲ್ಕೋಹಾಲಿನ ಆವಿ. ಅವರ ಕೋಣೆಯ ಶಾಸ್ತ್ರವನ್ನು ಇವರ ಕೋಣೆಗೆ ತಂದರೆ ಹತ್ತು ಹದಿನೈದು ಡಿಗ್ರಿ ತಣಿಸಿಕೊಳ್ಳುವುದೇ ಶಾಸ್ತ್ರ.

ಇಷ್ಟರಲ್ಲಿ ಐಸು ಬಂತು.

ಗೋಣಿಚೀಲದ ಐಸು

ಹುಡುಗ ತಂದದ್ದು ಗೋಣಿಯಲ್ಲಿ ಸುತ್ತಿದ ಒಂದು ಗಡ್ಡೆ. ನೆಲದ ಮೇಲಿಟ್ಟು ಸುತ್ತಿಗೆಯಲ್ಲಿ ಒಡೆದು, ಸ್ಟೀಲ್ ಬೋಗುಣಿಯಲ್ಲಿ ಟೇಬಲ್ಲಿಗೆ ತಂದಿಟ್ಟ. ಸುಬೇದಾರ್ ಒಂದು ಚೂರನ್ನೆತ್ತಿ ಮೇಣದ ಬತ್ತಿಗೆ ಹಿಡಿದರು. ಚೂರಿಗೆ ಹುರುಪೆಯೊಂದು ಅಂಟಿತ್ತು. ಮೀನಿನದು.

"ಎಲ್ಲಿಂದ ತಂದ್ಯೋ?"

"ಮೀನಿನ್ ಗಾಡಿಯಿಂದ ಸಾ. ಬ್ಯಾರೆಲ್ಲೂ ಸಿಗ್ನಿಲ್ಲ."

ಐಸು ಹಾಕಬೇಕೋ ಬೇಡವೋ ಎಂದು ಗಂಟೆಗಟ್ಟಲೆ ವಾದ ಮಾಡುವವರು ಐಸು ಯಾವ ನೀರಿನದು ಎಂದು ಕೇಳುವುದಿಲ್ಲ. ಮೀನು ಕೆಡದಿರಲೆಂದು ಹೆಪ್ಪುಗಟ್ಟಿಸಿದ ಗಡ್ಡೆಗೆ ಕುಡಿಯುವ ನೀರೇ ಆಗಬೇಕೆಂದಿಲ್ಲ. ಈ ಗೊಂದಲ ಬೇಡವೆಂದೇ 2018ರಲ್ಲಿ ಕೇಂದ್ರದ ಆಹಾರ ಸುರಕ್ಷತಾ ಪ್ರಾಧಿಕಾರ, ಪದಾರ್ಥ ಕೆಡದಂತೆ ಇಡಲು ಮಾತ್ರ ಬಳಸುವ ಐಸಿಗೆ ನೀಲಿ ಬಣ್ಣ ಬೆರೆಸಬೇಕೆಂದು ಹೇಳಿತು. ನೀಲಿ ಕಂಡರೆ ಬಾಯಿಗಿಡಬೇಡಿ ಎಂಬ ಗುರುತು. ಬೋಗುಣಿಯಲ್ಲಿದ್ದ ಐಸು ಬೆಳ್ಳಗೆ ಹಾಲಿನ ಹಾಗಿತ್ತು. ಆದ್ದರಿಂದ ಬಣ್ಣವಿಲ್ಲ ಎಂದ ಮಾತ್ರಕ್ಕೆ ತೀರ್ಥ ಎಂದು ತಿಳಿಯಬೇಕಾಗಿಲ್ಲ.

"ವಿಸ್ಕಿ ಬಿದ್ರೆ ಹುಳ ಎಲ್ಲಾ ಸಾಯ್ತವೆ ಬುಡಿ ಸಾರ್" ಎಂದು ಲಾರಿ ಮಾಲೀಕ ಸಮಾಧಾನ ಹೇಳಿದ. ಊರಲ್ಲಿ ಅರ್ಧ ಜನ ನಂಬಿರುವುದು ಇದನ್ನೇ. 1985ರಲ್ಲಿ ಅಮೆರಿಕದ ವೈದ್ಯರು ಇದನ್ನೂ ಪರೀಕ್ಷಿಸಿದ್ದಾರೆ. ಭೇದಿ ತರುವ ರೋಗಾಣುಗಳನ್ನು ಐಸಿನಲ್ಲಿ ಹೆಪ್ಪುಗಟ್ಟಿಸಿ ಸೋಡಾ ಬೆರೆಸಿದ ಸ್ಕಾಚಿನಲ್ಲಿ ಕರಗಿಸಿದರು, ನೀರು ಬೆರೆಸಿದ ಸ್ಕಾಚಿನಲ್ಲಿ ಕರಗಿಸಿದರು, ನೀರೇ ಬೆರೆಸದ ಟಕೀಲಾದಲ್ಲೂ ಕರಗಿಸಿದರು. ಸಂಖ್ಯೆ ತಗ್ಗಿತೇ ಹೊರತು ಪೂರಾ ಸಾಯಲಿಲ್ಲ. ಮಾರನೇ ದಿನ ಹೊಟ್ಟೆ ಹಿಡಿದುಕೊಂಡು "ನೆನ್ನೆ ಬೋಟಿ ಸರಿ ಇರ್ನಿಲ್ಲ ಕಣ್ರೀ" ಎಂದು ಅಡಿಗೆಯವನನ್ನು ಬೈಯುವವರು ಬೋಗುಣಿಯ ಕಡೆಗೂ ಒಮ್ಮೆ ನೋಡುವುದೊಳ್ಳೆಯದು.

ಬೋಗುಣಿ ಬದಿಗೆ ಸರಿಯಿತು. ಕಾಯಿಸಿ ಆರಿಸಿದ ನೀರಲ್ಲಿ ಮನೆಯಲ್ಲೇ ಮಾಡಿದ ಐಸಾಗಿದ್ದರೆ ಎಷ್ಟು ಹಾಕಬೇಕಿತ್ತು? ಮೇಷ್ಟ್ರಿಗೆ ಈಗ ಹುರುಪು ಬಂತು. ಸಿಗರೇಟು ಪ್ಯಾಕಿನ ಬೆನ್ನ ಮೇಲೆ ಲೆಕ್ಕ ಶುರುವಾಯಿತು. ಒಂದು ಗ್ರಾಂ ಐಸು ಕರಗಲು 80 ಕ್ಯಾಲರಿ ಶಾಖ ಹೀರುತ್ತದೆ. 60 ಎಂ.ಎಲ್. ವಿಸ್ಕಿಯನ್ನು 30 ಡಿಗ್ರಿಯಿಂದ 10ಕ್ಕೆ ಇಳಿಸಬೇಕಾದರೆ ಸುಮಾರು 13 ಗ್ರಾಂ ಐಸು ಕರಗಲೇಬೇಕು. ಕರಗಿದ 13 ಗ್ರಾಂ ಎಂದರೆ 13 ಎಂ.ಎಲ್. ನೀರು. ಅಂದರೆ ಅಳಿಯನ ಮೂರು ಚಮಚಕ್ಕೆ ಹತ್ತಿರ ಹತ್ತಿರ ಬಂತು! "ಐಸು ಹಾಕ್ತೀನಿ, ನೀರು ಮಾತ್ರ ಬ್ಯಾಡ" ಅನ್ನುವವರ ಮಾತಿಗೆ ಅರ್ಥವಿಲ್ಲ. ಐಸು ತಣಿಸುವುದೇ ನೀರಾಗಿ.

ಕಷ್ಟವಿರುವುದು ಮುಂದೆ. ತಣಿದ ಮೇಲೆ ಐಸು ಸುಮ್ಮನೆ ಕೂರುವುದಿಲ್ಲ, ಕೋಣೆಯ ಕಾವಿಗೆ ಕರಗುತ್ತಲೇ ಇರುತ್ತದೆ. ಪುಡಿ ಐಸಾದರೆ ಬೇಗ ತಣಿಸಿ ಬೇಗ ಮುಗಿಯುತ್ತದೆ, ದೊಡ್ಡ ತುಂಡು ನಿಧಾನ. ರಾಜಕೀಯ ಮಾತಾಡುತ್ತ ಒಂದು ಪೆಗ್ಗನ್ನು ಮುಕ್ಕಾಲು ಗಂಟೆ ಎಳೆಯುವವರಿಗೆ ಪುಡಿ ಐಸು ಹಾಕಿಕೊಟ್ಟರೆ ಕೊನೆಗೆ ಸಿಗುವುದು ಬಣ್ಣದ ನೀರು. ಅಂಥವರಿಗೆ ಒಂದೇ ದಪ್ಪ ತುಂಡು ಸರಿ.

ಅಳಿಯ ಬ್ಯಾಗಿನಿಂದ ಸಣ್ಣ ಚೀಲ ತೆಗೆದ. ಒಳಗೆ ಚೌಕನೆಯ ಕಲ್ಲುಗಳು. ಕರಗದೆ ತಣಿಸುವ ವಿಸ್ಕಿ ಕಲ್ಲಂತೆ. ನೋಡಿದರೆ ಬಳಪದ ಕಲ್ಲು. ಬಸರಾಳಿನ ಹೊಯ್ಸಳ ಗುಡಿ ಕಡೆದದ್ದು ಇದೇ ಜಾತಿಯಲ್ಲಿ. ಮೇಷ್ಟ್ರು ಅದಕ್ಕೂ ಲೆಕ್ಕ ಹಾಕಿದರು. ಕರಗದ ವಸ್ತುವಿಗೆ ಆ 80 ಕ್ಯಾಲರಿಯ ಬಲ ಎಲ್ಲಿಂದ ಬರಬೇಕು? ಫ್ರೀಜರಿನಲ್ಲಿ ಚೆನ್ನಾಗಿ ಕೊರೆದ 30 ಗ್ರಾಮಿನ ಕಲ್ಲು ಒಂದು ಪೆಗ್ಗನ್ನು ತಣಿಸುವುದು ನಾಲ್ಕೈದು ಡಿಗ್ರಿ. ಅದೂ ಕರೆಂಟಿದ್ದರೆ.

ಸೋಡಾದ ವಿಷಯ ಹೆಚ್ಚು ಹೇಳಬೇಕಾದ್ದಿಲ್ಲ. ಬಾಟಲಿ ಮೊದಲೇ ತಣ್ಣಗಿದ್ದರೆ ಗ್ಯಾಸು ನಿಲ್ಲುತ್ತದೆ, ಬೆಚ್ಚಗಿದ್ದರೆ ಗ್ಲಾಸು ತಲುಪುವ ಮೊದಲೇ ಹಾರುತ್ತದೆ.

ಕೊನೆಗೆ ದಾರಿ ತೋರಿಸಿದ್ದು ಗಲ್ಲಾದ ಮೇಲೆ ಕೂತ ಮಾಲೀಕ. ಅವನ ಕಾಲ ಬಳಿ ಅವನಿಗೆಂದೇ ಇಟ್ಟುಕೊಂಡ ಮಣ್ಣಿನ ಹೂಜಿ ಇತ್ತು. ಮನೆಯಿಂದ ಕಾಯಿಸಿ ತಂದ ನೀರು. ಮಣ್ಣಿನ ಮೈಯಿಂದ ಜಿನುಗಿದ ನೀರು ಆವಿಯಾಗುತ್ತ ಒಳಗಿನ ಕಾವನ್ನು ಎಳೆದುಕೊಂಡು ಹೋಗುತ್ತದೆ, ಕರೆಂಟಿನ ಹಂಗಿಲ್ಲ. ಐಸಿನಷ್ಟು ಕೊರೆಯುವುದಿಲ್ಲ ನಿಜ, ಆದರೆ ನಾಲಗೆ ಸೆಟೆದು ರುಚಿ ಸತ್ತುಹೋಗುವಷ್ಟೂ ಅಲ್ಲ. ವಿಸ್ಕಿಯನ್ನು ತಣಿಸುವ ಬದಲು ಅದಕ್ಕೆ ಹಾಕುವ ನೀರನ್ನು ತಣಿಸಿಡುವುದು ಎಲ್ಲಕ್ಕಿಂತ ಸಲೀಸು. ಫ್ರಿಜ್ಜಿದ್ದವರು ನೀರಿನ ಬಾಟಲಿಯನ್ನು ಅದರಲ್ಲಿಡಲಿ. ವಿಸ್ಕಿ ಬಾಟಲಿಯನ್ನೇ ಫ್ರೀಜರಿಗೆ ತಳ್ಳುವವರಿದ್ದಾರೆ. ಅದು ಹೆಪ್ಪುಗಟ್ಟುವುದಿಲ್ಲ, ಎಣ್ಣೆಯ ಹಾಗೆ ದಪ್ಪಗಾಗುತ್ತದೆ, ವಾಸನೆ ಮಾತ್ರ ಪೂರಾ ಮಲಗಿಬಿಡುತ್ತದೆ.

ಹೂಜಿ ನೀರು ಬಿದ್ದ ಮೇಲೂ ಒಂದು ಗಲಾಟೆ ಬಾಕಿ ಇತ್ತು. ಅಳಿಯನ ಬಾಟಲಿ ಅಮೃತ್ ಸಿಂಗಲ್ ಮಾಲ್ಟ್, ಬೆಂಗಳೂರಿನದೇ. 2004ರಲ್ಲಿ ಸ್ಕಾಟ್ಲೆಂಡಿನ ಗ್ಲಾಸ್ಗೋಗೇ ಹೋಗಿ ಬಿಡುಗಡೆಯಾದ ಮಾಲು, 46 ಪರ್ಸೆಂಟಿನದು. ನೀರು ಹಾಕುತ್ತಲೇ ಗ್ಲಾಸಿನಲ್ಲಿ ತೆಳ್ಳಗೆ ಮಂಜು ಕವಿಯಿತು. "ಡೂಪ್ಲಿಕೇಟು! ಬೆಂಗ್ಳೂರಲ್ಲಿ ಟೋಪಿ ಹಾಕವ್ರೆ!" ಎಂದು ಲಾರಿ ಮಾಲೀಕ ಎದ್ದೇ ನಿಂತ. ಟೋಪಿಯೇನಿಲ್ಲ. ವಿಸ್ಕಿಯಲ್ಲಿ ಎಣ್ಣೆ ಅಂಶದ ಕೆಲವು ಪದಾರ್ಥಗಳಿವೆ. ಆಲ್ಕೋಹಾಲ್ ಜಾಸ್ತಿ ಇದ್ದಾಗ ಕರಗಿರುತ್ತವೆ. ನೀರು ಬಿದ್ದಾಗ, ತಣ್ಣಗಾದಾಗ ಹೊರಬಂದು ಮಂಜಾಗುತ್ತವೆ. ಗಿರಾಕಿ ಹೆದರಬಾರದೆಂದು ಅನೇಕ ಕಂಪನಿಗಳು ಮೊದಲೇ ತಣಿಸಿ ಸೋಸಿಬಿಡುತ್ತವೆ, ಕೆಲವರು ರುಚಿ ಹೋದೀತೆಂದು ಹಾಗೇ ಬಿಡುತ್ತಾರೆ. ಮಂಜಿನಿಂದ ಅಪಾಯವಿಲ್ಲ.

ಎರಡನೇ ರೌಂಡಿಗೆ ಲಾರಿ ಮಾಲೀಕ ಗ್ಲಾಸಿನ ತುಂಬ ನೀರು ತುಂಬಿಸಿಕೊಂಡು, "ಲೈಟ್ ಮಾಡ್ಕೊಂಡಿವ್ನಿ, ಗಾಡಿ ನಾನೇ ಓಡಿಸ್ತೀನಿ" ಎಂದ. ಮೇಷ್ಟ್ರು ಸಿಗರೇಟು ಪ್ಯಾಕನ್ನು ಅವನ ಮುಂದೆ ತಳ್ಳಿದರು. 30 ಎಂ.ಎಲ್.ನಲ್ಲಿ ಹತ್ತು ಗ್ರಾಂ ಆಲ್ಕೋಹಾಲ್. ಕೆ.ಆರ್.ಎಸ್. ನೀರನ್ನೆಲ್ಲ ತಂದು ಸುರಿದರೂ ಆ ಹತ್ತು ಗ್ರಾಂ ಒಂಬತ್ತಾಗುವುದಿಲ್ಲ. ಪೊಲೀಸರ ಲೆಕ್ಕ ನೂರು ಎಂ.ಎಲ್. ರಕ್ತಕ್ಕೆ 30 ಮಿಲಿಗ್ರಾಂ. ಅವರು ಗ್ಲಾಸಿನ ನೀರನ್ನು ಅಳೆಯುವುದಿಲ್ಲ.

ಸುಬೇದಾರ್ ಕೈ ಚಾಚಿ ಕೀಲಿ ಇಸಕೊಂಡು ಜೇಬಿಗಿಳಿಸಿದರು. ಮೇಷ್ಟ್ರು ತಮ್ಮ ಗ್ಲಾಸಿಗೆ ಹೂಜಿಯಿಂದ ಮೂರು ಚಮಚದಷ್ಟು ನೀರನ್ನು ಯಾರೂ ನೋಡುತ್ತಿಲ್ಲವೆಂದುಕೊಂಡು ಬಗ್ಗಿಸಿದರು. ಅಳಿಯ ನೋಡಿದ, ಬಾಯಿ ಬಿಡಲಿಲ್ಲ. ಅಷ್ಟರಲ್ಲಿ ಕರೆಂಟು ಬಂದು ಫ್ಯಾನು ತಿರುಗಿತು. ಕೈ ತೊಳೆಯುವ ಬೇಸಿನ್ನಿನ ಕೆಳಗೆ ಗೋಣಿಚೀಲದ ಗಡ್ಡೆ ಕರಗುತ್ತಿತ್ತು.

"ಐಸು ಬ್ಯಾಡ್ವಾ ಸಾ?" ಎಂದು ಹುಡುಗ ಪಕ್ಕದ ಟೇಬಲ್ಲಿಗೆ ಹೋಗಿ ಕೇಳಿದ.