ಇಸ್ತಾಂಬುಲಿಗೆ ಒಬ್ಬಳೇ ಹೋಗಿ ಬಂದವಳು

ಆಸ್ಪತ್ರೆಗಾಗಿ ಗಡಿ ದಾಟುವುದು ನಮ್ಮ ಜಿಲ್ಲೆಯವರಿಗೆ ಹೊಸ ಸಂಗತಿಯೇನೂ ಅಲ್ಲ. ಹೆರಿಗೆಯಿಂದ ಹಿಡಿದು ಹೃದಯದ ಬೇನೆಯವರೆಗೆ ಎಲ್ಲದಕ್ಕೂ ತಲಪಾಡಿ ದಾಟಿ ಮಂಗಳೂರಿಗೆ ಹೋಗುವುದು ಹಿರಿಯರ ಕಾಲದಿಂದ ನಡೆದುಬಂದ ವಾಡಿಕೆ. 2020ರ ಮಾರ್ಚ್ ತಿಂಗಳಲ್ಲಿ ಆ ಗಡಿಯನ್ನೇ ಮುಚ್ಚಿ, ಒಳರಸ್ತೆಗಳಿಗೂ ಮಣ್ಣು ಸುರಿದಾಗ, ಮಂಗಳೂರು ತಲುಪಲಾರದೆ ರೋಗಿಗಳು ಪ್ರಾಣ ಬಿಟ್ಟದ್ದನ್ನು ಓದುಗರು ಮರೆತಿರಲಾರರು. ಆದರೆ ಒಂದು ಮಾತು. ನಾವು ಹಾಗೆ ಗಡಿ ದಾಟುವಾಗ ಎಂದೂ ಒಬ್ಬರೇ ಹೋಗುವವರಲ್ಲ. ರೋಗಿ ಒಬ್ಬರಾದರೆ ಜೊತೆಗೆ ಮೂವರು. ಫ್ಲಾಸ್ಕು, ಚಾಪೆ, ಗಂಜಿಯ ಪಾತ್ರೆ, ಡಾಕ್ಟರರ ಪರಿಚಯವಿದೆಯೆಂದು ಹೇಳಿಕೊಳ್ಳುವ ದೂರದ ನೆಂಟರೊಬ್ಬರು ಬೇರೆ.

ಹೀಗಿರಲಾಗಿ, ನಮ್ಮ ತಂಗಿಯ ಮಗಳು ಶಸ್ತ್ರಚಿಕಿತ್ಸೆಗೆಂದು ತುರ್ಕಿ ದೇಶಕ್ಕೆ ಒಬ್ಬಳೇ ಹೋಗಿಬಂದ ಸಂಗತಿ ನಮಗೆ ತಿಳಿದಾಗ ನಂಬಲಿಕ್ಕೇ ಆಗಲಿಲ್ಲ. ತಿಳಿದದ್ದಾದರೂ ಹೇಗೆ? ಹೋಗುವ ಹಿಂದಿನ ರಾತ್ರಿ ಅವಳೇ ಫೋನು ಮಾಡಿ, "ಮಾವ, ನಿಮಗೊಬ್ಬರಿಗೇ ಹೇಳ್ತಾ ಇದ್ದೇನೆ. ಅಮ್ಮನಿಗೆ ಹೇಳಬೇಡಿ. ಏನಾದರೂ ಆದರೆ ಯಾರಿಗಾದರೂ ಗೊತ್ತಿರಬೇಕಲ್ಲ" ಎಂದಳು. ಆ ಕೊನೆಯ ಮಾತು ಕೇಳಿದ ಮೇಲೆ ನಮಗೆ ಹತ್ತು ದಿನ ಸರಿಯಾಗಿ ನಿದ್ದೆಯಿಲ್ಲ. ತಂಗಿ ಸಂಜೆ ಕಾಫಿಗೆ ಬಂದು ಮಗಳ ಸುದ್ದಿ ಮಾತನಾಡುವಾಗ ತಲೆ ತಗ್ಗಿಸಿ ಪೇಪರು ಓದಿದ್ದೇ ಓದಿದ್ದು. ಹುಡುಗಿಯ ಒಪ್ಪಿಗೆ ಪಡೆದು, ಹೆಸರು ಬಿಟ್ಟು, ಈಗ ಬರೆಯುತ್ತಿದ್ದೇವೆ.

ಇವಳು ಇಂಗ್ಲೆಂಡಿನ ಲೆಸ್ಟರ್ ಎಂಬಲ್ಲಿ ವೃದ್ಧರ ಆರೈಕೆಯ ಮನೆಯೊಂದರಲ್ಲಿ ಕೆಲಸದಲ್ಲಿದ್ದಾಳೆ. ವಯಸ್ಸು ಮೂವತ್ತೆಂಟು, ಮದುವೆಯಾಗಿಲ್ಲ. ಚಿಕ್ಕಂದಿನಿಂದಲೇ ದಪ್ಪ ಮೈ. ರಾತ್ರಿ ಪಾಳಿಯ ಕೆಲಸ, ಹೊತ್ತಲ್ಲದ ಹೊತ್ತಿನ ಊಟ, ಇವೆಲ್ಲ ಸೇರಿ ತೂಕ 118 ಕಿಲೋಗೆ ಏರಿತ್ತು. ಸಕ್ಕರೆ ಕಾಯಿಲೆಯೂ ಅಂಟಿಕೊಂಡಿತು. ಆಗ ಅಲ್ಲಿಯ ವೈದ್ಯರ ಸಲಹೆಯಂತೆ ಜಠರವನ್ನು ಕಿರಿದು ಮಾಡುವ ಶಸ್ತ್ರಚಿಕಿತ್ಸೆ ಮಾಡಿಸಿಕೊಂಡಳು. ಜಠರದ ಮುಕ್ಕಾಲು ಭಾಗಕ್ಕೂ ಹೆಚ್ಚನ್ನು ತೆಗೆದು, ಉಳಿದದ್ದನ್ನು ಬಾಳೆಕಾಯಿಯ ಆಕಾರದ ಸಣ್ಣ ಕೊಳವೆಯಂತೆ ಬಿಡುತ್ತಾರೆ. ಅಂಗಿಯ ತೋಳಿನಂತಿರುವುದರಿಂದ 'ಸ್ಲೀವ್' ಎಂದು ಹೆಸರು. ಎರಡು ವರ್ಷಗಳಲ್ಲಿ ತೂಕ 66 ಕಿಲೋಗೆ ಇಳಿಯಿತು. ಅಂದರೆ 52 ಕಿಲೋ, ಒಂದು ಮೂಟೆ ಅಕ್ಕಿಗಿಂತ ಹೆಚ್ಚು!

ಇನ್ನು ಮುಂದೆ ಸುಖವೇ ಎಂದು ಎಲ್ಲರೂ ಎಣಿಸಿದ್ದರು. ಆದರೆ ಕೊಬ್ಬು ಹೋದರೂ ಅದನ್ನು ಹೊತ್ತಿದ್ದ ಚರ್ಮ ಹೋಗಲಿಲ್ಲ. ಚರ್ಮದೊಳಗೆ ಹಿಗ್ಗಿ ಕುಗ್ಗುವ ನಾರುಗಳಿವೆ. ವರ್ಷಾನುಗಟ್ಟಲೆ ಹಿಗ್ಗಿಯೇ ಇದ್ದರೆ ಆ ನಾರುಗಳು ಹರಿದು ಶಕ್ತಿಗುಂದುತ್ತವೆ. ಹಳೆಯ ಚಡ್ಡಿಯ ಇಲಾಸ್ಟಿಕ್ ನೋಡಿದವರಿಗೆ ಹೆಚ್ಚು ವಿವರಿಸಬೇಕಾದುದಿಲ್ಲ. ವ್ಯಾಯಾಮದಿಂದ ಸ್ನಾಯು ಗಟ್ಟಿಯಾದೀತು, ಜೋತ ಚರ್ಮ ಮೇಲಕ್ಕೆ ಹೋಗದು. ಎಣ್ಣೆ, ಮುಲಾಮುಗಳಿಂದಲೂ ಆಗದು. ಹೊಟ್ಟೆಯ ಚರ್ಮ ತೊಡೆಯ ಮೇಲೆ ಎಪ್ರನ್ ಕಟ್ಟಿದಂತೆ ಇಳಿಬೀಳುತ್ತದೆ. ಮಡಿಕೆಯೊಳಗೆ ಬೆವರು ನಿಂತು ತುರಿಕೆ, ಬಿರುಕು, ದುರ್ವಾಸನೆ. ಇವಳೋ ದಿನವಿಡೀ ಮುದುಕರನ್ನು ಎತ್ತಿ ಕೂರಿಸುವ ಕೆಲಸದವಳು. ಬಾಗುವಾಗೆಲ್ಲ ಆ ಚರ್ಮ ಉಜ್ಜಿ ಹುಣ್ಣಾಗುತ್ತಿತ್ತು.

ಮೊದಲು ಕೇಳಿದಾಗ ನಾವು, "ಇದೆಲ್ಲ ಶೋಕಿ ಮಾರಾಯ್ತಿ, ಸೀರೆ ಉಟ್ಟರೆ ಯಾರಿಗೆ ಕಾಣುತ್ತದೆ?" ಎಂದುಬಿಟ್ಟಿದ್ದೆವು. ಅವಳು ಸಿಟ್ಟಾಗಲಿಲ್ಲ. "ಮಾವ, ದಪ್ಪ ಇದ್ದಾಗ ಊರಿಗೆ ಬಂದರೆ ಎಲ್ಲರೂ ನಗಾಡಿದರು. ಇಳಿದ ಮೇಲೆ ಬಂದರೆ 'ಏನು ಕಾಯಿಲೆ' ಎಂದು ಕೇಳಿದರು. ಎರಡನ್ನೂ ಸಹಿಸಿದೆ. ಇದು ನೋಡುವವರದ್ದಲ್ಲ, ಹೊರುವವಳದ್ದು" ಎಂದಳು. ಆಡಿದ ಮಾತಿಗೆ ನಾಚಿಕೆಯಾಯಿತೆಂದು ಇಲ್ಲಿ ಒಪ್ಪಿಕೊಳ್ಳಲೇಬೇಕು.

ಅಂದ ಹಾಗೆ, ಪ್ಲಾಸ್ಟಿಕ್ ಸರ್ಜರಿ ಎಂದರೆ ಮೈಯೊಳಗೆ ಪ್ಲಾಸ್ಟಿಕ್ ಇಡುವುದೆಂದು ತಿಳಿದವರು ಈಗಲೂ ಇದ್ದಾರೆ. ಗ್ರೀಕ್ ಭಾಷೆಯಲ್ಲಿ ಆ ಪದಕ್ಕೆ ರೂಪ ಕೊಡುವುದು, ಅಚ್ಚು ಮಾಡುವುದು ಎಂದರ್ಥ. ಕೊಯ್ದುಹೋದ ಮೂಗನ್ನು ಮತ್ತೆ ಕಟ್ಟುವ ವಿಧಾನ ನಮ್ಮ ಸುಶ್ರುತ ಸಂಹಿತೆಯಲ್ಲೇ ಇದೆ. ಹೊಟ್ಟೆಯ ಚರ್ಮ ತೆಗೆಯುವ ಶಸ್ತ್ರಚಿಕಿತ್ಸೆಯನ್ನು ಅಮೆರಿಕದ ಹೊವಾರ್ಡ್ ಕೆಲ್ಲಿ ಎಂಬ ವೈದ್ಯರು 1899ರಲ್ಲೇ ಮಾಡಿದ್ದರು. ಬ್ರೆಜಿಲ್ ದೇಶದ ಈವೋ ಪಿಟಾಂಗಿ 1960ರ ದಶಕದಲ್ಲಿ ಅದನ್ನು ಬಹಳ ಸುಧಾರಿಸಿದರು. ಸೊಂಟದ ಒಂದು ಮೂಳೆಯಿಂದ ಇನ್ನೊಂದು ಮೂಳೆಯವರೆಗೆ ಕೆಳಹೊಟ್ಟೆಯಲ್ಲಿ ಅಡ್ಡಕ್ಕೆ ಕೊಯ್ದು, ಚರ್ಮವನ್ನು ಪಕ್ಕೆಲುಬಿನವರೆಗೆ ಬಿಡಿಸಿ, ಸಡಿಲಾದ ಸ್ನಾಯುಗಳನ್ನು ಹೊಲಿದು ಬಿಗಿಮಾಡಿ, ಹೆಚ್ಚಾದ ಚರ್ಮ ಕತ್ತರಿಸಿ ತೆಗೆಯುತ್ತಾರೆ. ಹೊಕ್ಕುಳು ಮಾತ್ರ ಇದ್ದಲ್ಲೇ ಉಳಿಯುತ್ತದೆ, ಅದಕ್ಕೆ ಹೊಸದೊಂದು ಕಿಂಡಿ ಮಾಡುತ್ತಾರೆ. ಬಹಳ ತೂಕ ಇಳಿದವರಿಗೆ ಬೆನ್ನಿನ ಕಡೆಗೂ ಸುತ್ತು ಹಾಕಿ ಕೊಯ್ಯುವುದುಂಟು. ತೋಳು, ತೊಡೆ, ಎದೆ ಇವೆಲ್ಲ ಬೇರೆ ಬೇರೆ ಶಸ್ತ್ರಚಿಕಿತ್ಸೆಗಳು. ಕಲೆ ಜೀವನಪರ್ಯಂತ ಉಳಿಯುತ್ತದೆ.

ಇಂಗ್ಲೆಂಡಿನಲ್ಲಿ ಸರಕಾರಿ ಆರೋಗ್ಯ ಸೇವೆ ಉಚಿತವೆಂದು ನಾವೆಲ್ಲ ಕೇಳಿದ್ದೇವೆ. ನಿಜ, ಆದರೆ ಈ ಚರ್ಮ ತೆಗೆಯುವುದನ್ನು ಅವರು ಸೌಂದರ್ಯದ ಬಾಬತ್ತಿಗೆ ಸೇರಿಸಿರುವುದರಿಂದ ಸಾಧಾರಣವಾಗಿ ಅದಕ್ಕೆ ಹಣ ಕೊಡುವುದಿಲ್ಲ. ಹೊಟ್ಟೆ ಕಿರಿದು ಮಾಡುವುದು ಚಿಕಿತ್ಸೆಯಂತೆ, ಅದರ ಫಲವಾಗಿ ಜೋತುಬಿದ್ದದ್ದು ಸೌಂದರ್ಯವಂತೆ! ಅಮೆರಿಕದ ವಿಮಾ ಕಂಪೆನಿಗಳದ್ದೂ ಹೆಚ್ಚುಕಡಿಮೆ ಇದೇ ವಾದ: ಹುಣ್ಣಾಗಿ, ಮದ್ದಿಗೆ ಬಗ್ಗದೆ ಹೋದದ್ದಕ್ಕೆ ದಾಖಲೆ ಇದ್ದರೆ ಮಾತ್ರ ನೋಡೋಣ ಎನ್ನುತ್ತವೆ. ಆದ್ದರಿಂದಲೇ ಅಮೆರಿಕದವರು ಮೆಕ್ಸಿಕೋ, ಡೊಮಿನಿಕನ್ ಗಣರಾಜ್ಯಗಳಿಗೂ, ಇಂಗ್ಲೆಂಡಿನವರು ತುರ್ಕಿಗೂ ಹೊರಡುತ್ತಾರೆ. ಇಂಗ್ಲೆಂಡಿನ ಖಾಸಗಿ ಆಸ್ಪತ್ರೆ ಹೇಳಿದ ಹಣದ ಅರ್ಧಕ್ಕಿಂತ ಕಡಿಮೆಗೆ ಶಸ್ತ್ರಚಿಕಿತ್ಸೆ, ಹೋಟೆಲು, ವಿಮಾನ ನಿಲ್ದಾಣಕ್ಕೆ ಕಾರು, ದುಭಾಷಿ ಎಲ್ಲವೂ ಸೇರಿ ಇಸ್ತಾಂಬುಲಿನಲ್ಲಿ ಮುಗಿಯುತ್ತದೆಂದು ಇವಳಿಗೆ ಏಜೆಂಟರು ಹೇಳಿದರು.

ಹುಡುಗಿ ಹುಂಬಳಲ್ಲ. ತೂಕ ಒಂದು ವರ್ಷದಿಂದ ಏರಿಳಿತವಿಲ್ಲದೆ ನಿಂತ ಮೇಲೆಯೇ ಹೊರಟಳು. ಕನಿಷ್ಠ ಆರು ತಿಂಗಳಾದರೂ ನಿಂತಿರಬೇಕೆಂದು ವೈದ್ಯರು ಹೇಳುತ್ತಾರೆ. ಜಠರ ಕಿರಿದಾದವರಿಗೆ ಕಬ್ಬಿಣ, ಬಿ-12, ಪ್ರೋಟೀನು ಕಡಿಮೆಯಾಗುವುದು ಸಾಮಾನ್ಯ, ಕಡಿಮೆಯಿದ್ದರೆ ಗಾಯ ಒಣಗದು. ಆದ್ದರಿಂದ ರಕ್ತ ಪರೀಕ್ಷೆ ಮಾಡಿಸಿ ಮೂರು ತಿಂಗಳು ಮಾತ್ರೆ ನುಂಗಿದಳು. ಆಸ್ಪತ್ರೆಗೆ ತುರ್ಕಿಯ ಆರೋಗ್ಯ ಮಂತ್ರಾಲಯದ ಪರವಾನಗಿ ಇದೆಯೇ ಎಂದೂ ನೋಡಿದಳು. ಹೊಟ್ಟೆಯ ಶಸ್ತ್ರಚಿಕಿತ್ಸೆಯಾದ ಮೇಲೆ ಏಳರಿಂದ ಹತ್ತು ದಿನ ವಿಮಾನ ಹತ್ತಬಾರದೆಂದು ಇಂಗ್ಲೆಂಡಿನ ಆರೋಗ್ಯ ಸೇವೆಯ ಸೂಚನೆ. ಏಜೆಂಟರ ಲೆಕ್ಕದಲ್ಲಿದ್ದದ್ದು ಆರೇ ರಾತ್ರಿ. ಇವಳು ಸ್ವಂತ ಖರ್ಚಿನಲ್ಲಿ ನಾಲ್ಕು ರಾತ್ರಿ ಹೆಚ್ಚಿಗೆ ಹಿಡಿದಳು.

ಎಲ್ಲವನ್ನೂ ಯೋಚಿಸಿದವಳು ಜೊತೆಗೊಬ್ಬರನ್ನು ಮಾತ್ರ ಕರೆದುಕೊಳ್ಳಲಿಲ್ಲ. ಗೆಳತಿಗೆ ರಜೆ ಸಿಗಲಿಲ್ಲ. ಇನ್ನೊಬ್ಬರ ವಿಮಾನದ ಖರ್ಚು ಬೇರೆ. ಎಲ್ಲಕ್ಕಿಂತ ಹೆಚ್ಚಾಗಿ, ಆ ಚರ್ಮವನ್ನು ಯಾರೂ ನೋಡಬಾರದೆಂಬ ಸಂಕೋಚ.

ಶಸ್ತ್ರಚಿಕಿತ್ಸೆ ಮಾಡುವ ವೈದ್ಯರನ್ನು ಅವಳು ನೋಡಿದ್ದು ಅದೇ ದಿನ ಬೆಳಿಗ್ಗೆ, ಒಂದು ಗಂಟೆ ಮೊದಲು. ಪೆನ್ನಿನಿಂದ ಹೊಟ್ಟೆಯ ಮೇಲೆ ಗೆರೆ ಎಳೆದು ನಕ್ಕು ಹೋದರು. ಅನಂತರ ಎಂಟು ಪುಟದ ಒಪ್ಪಿಗೆ ಪತ್ರ ಬಂತು, ಪೂರಾ ತುರ್ಕಿ ಭಾಷೆಯಲ್ಲಿ. ದುಭಾಷಿ ಹುಡುಗ ಪುಟಕ್ಕೆ ಒಂದು ವಾಕ್ಯದಂತೆ ಅರ್ಥ ಹೇಳಿ, "ಎಲ್ಲರೂ ಸಹಿ ಹಾಕುವುದೇ" ಎಂದನಂತೆ. ಇದನ್ನು ಕೇಳಿದಾಗ ನಮಗೆ ನೆನಪಾದದ್ದು ನಮ್ಮ ಊರ ಕಚೇರಿಗಳು. ಮಲಯಾಳದ ಫಾರಂ ಮುಂದೆ ಹಿಡಿದು "ಇಲ್ಲಿ ಒಪ್ಪ ಹಾಕಿ" ಎಂದಾಗ, ಏನು ಬರೆದಿದೆಯೆಂದು ಕೇಳಲು ಸಂಕೋಚಪಟ್ಟು ಸಹಿ ಹಾಕಿದ ಕನ್ನಡದ ಹಿರಿಯರು ಒಬ್ಬರೇ ಇಬ್ಬರೇ? ನಮ್ಮದು ಜಾಗದ ತೆರಿಗೆಯ ಕಾಗದ, ತಪ್ಪಿದರೆ ಇನ್ನೊಮ್ಮೆ ಅಲೆದರಾಯಿತು. ಅವಳದ್ದು ಜೀವದ ಕಾಗದ. ಸಹಿ ಹಾಕಿದಳು. "ಅಷ್ಟು ದೂರ ಹೋಗಿ, ಹಣ ಕಟ್ಟಿ, ಅಂಗಿ ಬಿಚ್ಚಿ ಆಸ್ಪತ್ರೆಯ ಗೌನು ಹಾಕಿಕೊಂಡ ಮೇಲೆ ಇಲ್ಲ ಅಂತ ಹೇಳಲಿಕ್ಕೆ ಆಗುತ್ತದಾ ಮಾವ?"

ದುಭಾಷಿಯ ಕೆಲಸ ಸಂಜೆ ಐದರವರೆಗೆ. ಅರಿವಳಿಕೆ ಪೂರ್ತಿ ಇಳಿದದ್ದು ರಾತ್ರಿ ಹತ್ತರ ಮೇಲೆ. ಕಣ್ಣು ಬಿಟ್ಟರೆ ಎರಡು ಬದಿಯಿಂದ ರಕ್ತನೀರು ಹೊರಗೆ ಬಿಡುವ ಕೊಳವೆ, ಸೊಂಟಕ್ಕೆ ಬಿಗಿದ ಪಟ್ಟಿ, ನೇರ ಮಲಗುವಂತಿಲ್ಲ. ಬಾಯಾರಿಕೆಗೆ ನೀರು ಕೇಳಿದರೆ ನರ್ಸಿಗೆ ಇಂಗ್ಲಿಷು ಬಾರದು. ಮೊಬೈಲಿನಲ್ಲಿ ಅನುವಾದ ಮಾಡಿ ತೋರಿಸೋಣವೆಂದರೆ ಮೊಬೈಲು ಕೈಗೆಟುಕದ ಕಪಾಟಿನಲ್ಲಿ. ಆ ಒಂದು ರಾತ್ರಿ ಅಮ್ಮನನ್ನು ನೆನೆದು ಅತ್ತೆನೆಂದಳು. ನರ್ಸು ಕೆಟ್ಟವಳಲ್ಲ, ಕಣ್ಣೀರು ನೋಡಿ ಹತ್ತಿಯನ್ನು ನೀರಿನಲ್ಲಿ ಅದ್ದಿ ತುಟಿ ಒರೆಸಿದಳಂತೆ. ಬೆಳಿಗ್ಗೆ ಇಬ್ಬರು ಹಿಡಿದು ನಡೆಸಿದರು. ಕಾಲಿನಲ್ಲಿ ರಕ್ತ ಹೆಪ್ಪುಗಟ್ಟಿ ಶ್ವಾಸಕೋಶಕ್ಕೆ ಹೋಗುವುದೇ ಈ ಶಸ್ತ್ರಚಿಕಿತ್ಸೆಯ ದೊಡ್ಡ ಭಯವಾದ್ದರಿಂದ ಮಾರನೆಯ ದಿನವೇ ನಡೆಯಬೇಕು. ಮೂರನೆಯ ದಿನ ಹೋಟೆಲಿಗೆ ಕಳಿಸಿದರು. ಅಲ್ಲಿ ಹಾಸಿಗೆಯಿಂದ ಏಳಲು ಹಿಡಿಯುವ ಕೈ ಯಾವುದೂ ಇಲ್ಲ. ಸೋಫಾದಲ್ಲಿ ದಿಂಬು ಒರಗಿಸಿ ಕುಳಿತೇ ನಿದ್ದೆ ಮಾಡಿದಳು.

ಆ ದಿನಗಳಲ್ಲಿ ನಾವು ಇಲ್ಲಿ ಕುಳಿತು ಓದಬಾರದ್ದನ್ನೆಲ್ಲ ಓದಿದೆವು. 2009ರಿಂದ 2022ರವರೆಗೆ ಡೊಮಿನಿಕನ್ ಗಣರಾಜ್ಯದಲ್ಲಿ ಸೌಂದರ್ಯ ಶಸ್ತ್ರಚಿಕಿತ್ಸೆ ಮಾಡಿಸಿಕೊಂಡು ತೀರಿಹೋದ ಅಮೆರಿಕನರು 93 ಮಂದಿ ಎಂದು ಅಮೆರಿಕದ ರೋಗ ನಿಯಂತ್ರಣ ಕೇಂದ್ರ 2024ರಲ್ಲಿ ವರದಿ ಕೊಟ್ಟಿದೆ. ಕಾರಣ ವಿಚಾರಿಸಿದವುಗಳಲ್ಲಿ ಹೆಚ್ಚಿನವು ಕೊಬ್ಬಿನ ಕಣ ಅಥವಾ ಹೆಪ್ಪುಗಟ್ಟಿದ ರಕ್ತ ಶ್ವಾಸಕೋಶ ಸೇರಿದವು. 2023ರಲ್ಲಿ ಮೆಕ್ಸಿಕೋದ ಮಾಟಮೊರೊಸ್ ಎಂಬಲ್ಲಿ ಎರಡು ಚಿಕಿತ್ಸಾಲಯಗಳಲ್ಲಿ ಬೆನ್ನುಹುರಿಗೆ ಕೊಟ್ಟ ಅರಿವಳಿಕೆಯ ಮೂಲಕ ಬೂಷ್ಟು ಮೆದುಳಿನ ಪೊರೆಗೆ ಹತ್ತಿ ಹಲವರು ಸತ್ತರು. ಅದೇ ಊರಿನಲ್ಲಿ ಅದೇ ವರ್ಷದ ಮಾರ್ಚಿನಲ್ಲಿ, ಹೊಟ್ಟೆಯ ಶಸ್ತ್ರಚಿಕಿತ್ಸೆಗೆಂದು ಮೂವರು ಸಂಗಡಿಗರೊಂದಿಗೆ ಬಂದ ಅಮೆರಿಕದ ಹೆಂಗಸಿನ ಗಾಡಿಯನ್ನು ಬಂದೂಕುಧಾರಿಗಳು ಅಡ್ಡಗಟ್ಟಿ, ಇಬ್ಬರು ಸಂಗಡಿಗರು ಪ್ರಾಣ ಕಳೆದುಕೊಂಡರು. ಜೊತೆಗಿದ್ದರೆ ಎಲ್ಲವೂ ಸುರಕ್ಷಿತವೆಂದು ಹೇಳುವಂತೆಯೂ ಇಲ್ಲ. ತುರ್ಕಿಯಲ್ಲಿ ಚಿಕಿತ್ಸೆಗೆ ಹೋಗಿ 2023ರಲ್ಲಿ ಆರು ಮಂದಿ ಬ್ರಿಟಿಷರು ತೀರಿಕೊಂಡರೆಂದು ಬ್ರಿಟಿಷ್ ಸರಕಾರವೇ ತಿಳಿಸಿದೆ. ಹೋಗಿ ಸುಖವಾಗಿ ಬಂದವರು ಸಾವಿರ ಸಾವಿರ ಇದ್ದಾರೆ, ನಿಜ. ಆದರೆ ಮನೆಯ ಹುಡುಗಿ ಅಲ್ಲಿರುವಾಗ ಸಾವಿರದ ಲೆಕ್ಕ ಯಾರಿಗೆ ಹತ್ತುತ್ತದೆ?

ಒಂಬತ್ತನೆಯ ದಿನ ಗಾಲಿಕುರ್ಚಿಯಲ್ಲಿ ಕುಳಿತು ವಿಮಾನ ಹತ್ತಿದಳು. ಗಾಲಿಕುರ್ಚಿಯನ್ನು ಮೊದಲೇ ಹೇಳಿ ಇಟ್ಟಿದ್ದಳು. ಇಲ್ಲದಿದ್ದರೆ ಪೆಟ್ಟಿಗೆ ಎಳೆಯುವುದು ಸಾಧ್ಯವೇ ಇರಲಿಲ್ಲವಂತೆ. ಮನೆ ಸೇರಿದ ಐದನೆಯ ದಿನ ಜ್ವರ. ಹೊಲಿಗೆಯ ನಟ್ಟನಡುವೆ, ಎಳೆತ ಹೆಚ್ಚಿರುವಲ್ಲಿ, ಹೆಬ್ಬೆರಳ ಉಗುರಿನಷ್ಟು ಬಾಯಿ ಬಿಟ್ಟು ಕೀವು ಕಂಡಿತು. ಇಸ್ತಾಂಬುಲಿಗೆ ಫೋನು ಮಾಡಿದರೆ "ಫೋಟೋ ಕಳಿಸಿ" ಎಂದರು. ಕಳಿಸಿದರೆ, "ಸಾಮಾನ್ಯ, ಮುಲಾಮು ಹಚ್ಚಿ" ಎಂದರು. ಲೆಸ್ಟರಿನ ವೈದ್ಯರು ಒಳಗೆ ಏನು ಹೊಲಿಗೆ ಹಾಕಿದ್ದಾರೆ, ಯಾವ ಔಷಧ ಕೊಟ್ಟಿದ್ದಾರೆ ಎಂದು ಕೇಳಿದರು. ಇವಳ ಹತ್ತಿರ ಇದ್ದ ಕಾಗದವೆಲ್ಲ ತುರ್ಕಿ ಭಾಷೆಯದ್ದು. ಕೊನೆಗೆ ಆರು ವಾರ, ದಿನ ಬಿಟ್ಟು ದಿನ, ಸರಕಾರಿ ನರ್ಸೇ ಗಾಯ ತೊಳೆದು ಕಟ್ಟಿದಳು. ಸೌಂದರ್ಯದ್ದೆಂದು ಹಣ ಕೊಡದ ಸರಕಾರವೇ ಕೊನೆಗೆ ಪಟ್ಟಿ ಕಟ್ಟಿತು. ಈ ವಿಚಿತ್ರವನ್ನು ಅಲ್ಲಿಯ ವೈದ್ಯರ ಸಂಘದವರೂ ಆಗಾಗ ದೂರುತ್ತಿರುತ್ತಾರೆ.

ಆ ಆರು ವಾರ ಅವಳಿಗೆ ಗಂಜಿ ಬೇಯಿಸಿ ಕೊಟ್ಟವರು ಪಕ್ಕದ ಮನೆಯ ಕಣ್ಣೂರಿನ ಚೇಚಿ. ಊರಿನಲ್ಲಿ ನಾವು ಭಾಷೆಯ ಬಗ್ಗೆ ಏನೇ ವಾದ ಮಾಡಿಕೊಳ್ಳಲಿ, ಆ ತಾಯಿಗೆ ನಮ್ಮ ನಮಸ್ಕಾರ ಸಲ್ಲಬೇಕು.

ನಮ್ಮ ಮನೆಗಳ ಮಕ್ಕಳು ಈಗ ಕೊಲ್ಲಿಯಲ್ಲಿ, ಇಂಗ್ಲೆಂಡಿನಲ್ಲಿ, ಕೆನಡಾದಲ್ಲಿ ಇದ್ದಾರೆ. ತೂಕ ಇಳಿಸುವ ಶಸ್ತ್ರಚಿಕಿತ್ಸೆಯ ಮಾತು ಮಂಗಳೂರಿನಲ್ಲೂ ಕೇಳಿಬರುತ್ತಿದೆ. ಆದ್ದರಿಂದ ಹುಡುಗಿ ಹೇಳಿದ್ದನ್ನು ಇಲ್ಲಿ ದಾಖಲಿಸುತ್ತೇವೆ. ಒಪ್ಪಿಗೆ ಪತ್ರವನ್ನು ಒಂದು ವಾರ ಮೊದಲೇ ತಿಳಿಯುವ ಭಾಷೆಯಲ್ಲಿ ತರಿಸಿಕೊಳ್ಳಬೇಕು, ಕೊಡದಿದ್ದರೆ ಹಣ ಕಟ್ಟಬಾರದು. ಹಿಂತಿರುಗುವ ಮೊದಲು ಶಸ್ತ್ರಚಿಕಿತ್ಸೆಯ ವಿವರ ಇಂಗ್ಲಿಷಿನಲ್ಲಿ ಕೈಯಲ್ಲಿರಬೇಕು. ಮೊದಲ ಮೂರು ರಾತ್ರಿಗಾದರೂ ಒಬ್ಬರು ಬೇಕು, ಸಂಬಳ ಕೊಟ್ಟಾದರೂ ಸರಿ. ನಮ್ಮ ದೇಶಕ್ಕೆ ಚಿಕಿತ್ಸೆಗೆ ಬರುವ ಪರದೇಶದವರಿಗೆ ಸರಕಾರ ವೈದ್ಯಕೀಯ ವೀಸಾ ಕೊಡುವಾಗ ಜೊತೆಗೆ ಬರುವ ಇಬ್ಬರಿಗೂ ಬೇರೆ ವೀಸಾ ಕೊಡುತ್ತದೆ. ಆ ನಿಯಮ ಬರೆದ ಅಧಿಕಾರಿ ಯಾರೋ, ಆಸ್ಪತ್ರೆಯ ಜಗಲಿಯಲ್ಲಿ ರಾತ್ರಿ ಕಳೆದವರೇ ಇರಬೇಕು.

ಮಾಡಿಸಿಕೊಂಡದ್ದಕ್ಕೆ ಪಶ್ಚಾತ್ತಾಪವಿದೆಯೇ ಎಂದು ಕೇಳಿದೆವು. ಇಲ್ಲವೆಂದಳು. ತೆಗೆದದ್ದು ನಾಲ್ಕು ಕಿಲೋ ಚರ್ಮ. ಹುಣ್ಣು ಮತ್ತೆ ಬಂದಿಲ್ಲ. ಕೆಲಸದಲ್ಲಿ ಬಾಗುವಾಗ ಈಗ ನೋವಿಲ್ಲ.

ತಂಗಿಗೆ ವಿಷಯ ತಿಳಿದದ್ದು ಗಾಯ ಒಣಗಿದ ಮೇಲೆ, ಮಗಳ ಬಾಯಿಂದಲೇ. ಎರಡು ದಿನ ನಮ್ಮೊಡನೆ ಮಾತು ಬಿಟ್ಟಳು. ಮೂರನೆಯ ದಿನ ಬಂದು, "ತೋಳಿನದ್ದು ಇನ್ನೂ ಬಾಕಿ ಇದೆಯಂತಲ್ಲ ಅಣ್ಣ, ಅದು ಎಲ್ಲಿ ಮಾಡಿಸುತ್ತಾಳೋ?" ಎಂದು ಕೇಳಿದಳು. ಇನ್ನೂ ನಿಶ್ಚಯಿಸಿಲ್ಲವಂತೆ ಎಂದೆವು. ಮಂಗಳೂರಿನಾಚೆ ಎಂದೂ ಹೋಗದ ನಮ್ಮ ತಂಗಿ ಕಳೆದ ವಾರ ಕುಂಬಳೆಯ ಸ್ಟುಡಿಯೋಕ್ಕೆ ಹೋಗಿ ಪಾಸ್‌ಪೋರ್ಟಿಗೆ ಫೋಟೋ ತೆಗೆಸಿಕೊಂಡು ಬಂದಿದ್ದಾಳೆ.